ಕರ್ನಾಟಕದ ಕರೆಂಟು: ಗ್ರಿಡ್‌ಗೆ ಒಂಬತ್ತು, ಕಂಬಕ್ಕೆ ನಾಲ್ಕು

ಅಂಕ ಮೊದಲೇ ಹೇಳಿಬಿಡುತ್ತೇವೆ. ಉತ್ಪಾದನೆಗೆ 10ಕ್ಕೆ 7, ಹೈಟೆನ್ಷನ್ ಸಾಗಣೆಗೆ (ಅಂದರೆ ಗ್ರಿಡ್‌ಗೆ) 9, ಊರಿಗೆ ಬರುವ 11 ಕೆವಿ (11,000 ವೋಲ್ಟ್) ಫೀಡರ್‌ಗೆ 6, ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ಮನೆಗೆ ಬರುವ ಎಲ್‌ಟಿ (ಲೋ ಟೆನ್ಷನ್) ಲೈನಿಗೆ 4. ಸರಾಸರಿ ತೆಗೆದು ಪ್ರಯೋಜನವಿಲ್ಲ. ಮೀಟರಿಗೆ ಬಂದು ಮುಟ್ಟುವುದು ಕೊನೆಯ ಅಂಕದ ಕರೆಂಟೇ.

ಗ್ರಿಡ್‌ಗೆ 9 ಕೊಟ್ಟಿದ್ದು ಧಾರಾಳತನದಿಂದಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದಾಗ ಸುಮಾರು 60 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ. ಆಗ ನಾವು ದಕ್ಷಿಣದವರು ಬಚಾವಾದೆವು. ನಮ್ಮ ಗ್ರಿಡ್ ಗಟ್ಟಿಯಾಗಿತ್ತು ಅಂತಲ್ಲ, ಅದು ಬೇರೆಯಾಗಿತ್ತು, ಅಷ್ಟೆ. ತಾಲ್ಚೇರ್–ಕೋಲಾರದಂಥ ಡಿಸಿ ಲೈನುಗಳ ಮೂಲಕ ಕರೆಂಟ್ ಬರುತ್ತಿತ್ತೇ ಹೊರತು ಎರಡೂ ಕಡೆಯ ಫ್ರೀಕ್ವೆನ್ಸಿ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ) ಒಂದಕ್ಕೊಂದು ಕಟ್ಟಿಕೊಂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆದಮೇಲೆ ಇಡೀ ದೇಶ ಒಂದೇ ಫ್ರೀಕ್ವೆನ್ಸಿಗೆ ಬಂತು. ಈಗ ಗ್ರಿಡ್ ಕೋಡ್ ಪ್ರಕಾರ ಅದು 49.90ರಿಂದ 50.05 ಹರ್ಟ್ಸ್ ಒಳಗಿರಬೇಕು. 2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿದಾಗಲೂ ವ್ಯವಸ್ಥೆ ನಿಂತಿತು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸದ್ದಿಲ್ಲದೆ ಸುಧಾರಿಸಿದ್ದು ಅಂತ ಇದ್ದರೆ ಇದೇ.

ಉತ್ಪಾದನೆಯ ಮಾತು ಬೇರೆ. ಅಲ್ಲಿ ಕೊರತೆ ಇರುವುದು ಮೆಗಾವ್ಯಾಟಿಗಿಂತ ಹೆಚ್ಚಾಗಿ ಹೊತ್ತಿನದು. ಪಾವಗಡದ ಸೌರ ಪಾರ್ಕ್ 2,050 ಮೆಗಾವ್ಯಾಟಿನದು, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹರಡಿದೆ. ನಡು ಮಧ್ಯಾಹ್ನ ಅದು ಭರ್ಜರಿ. ಸಂಜೆ ಏಳಕ್ಕೆ ಸೊನ್ನೆ. ಅದೇ ಏಳಕ್ಕೆ ಮನೆಮನೆಯ ದೀಪ, ಫ್ಯಾನ್, ಮಿಕ್ಸಿ, ಎಸಿ ಒಟ್ಟಿಗೆ ಎದ್ದು ಕೂರುತ್ತವೆ. ಆ ಹೊತ್ತಿನ ಆಪದ್ಬಾಂಧವ ಶರಾವತಿ. 103.5 ಮೆಗಾವ್ಯಾಟಿನ ಹತ್ತು ಯಂತ್ರ, ಒಟ್ಟು 1,035 ಮೆಗಾವ್ಯಾಟ್. ಗೇಟು ತೆರೆದರೆ ನಿಮಿಷಗಳಲ್ಲಿ ಪೂರ್ತಿ ಲೋಡ್ ಹೊರುತ್ತವೆ. ಕಲ್ಲಿದ್ದಲಿನ ಘಟಕ ತಣ್ಣಗಾಗಿದ್ದರೆ ಅದನ್ನು ಎಬ್ಬಿಸಲು ಗಂಟೆಗಟ್ಟಲೆ ಬೇಕು. ಹಾಗಾಗಿ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಯಾವ ತಿಂಗಳು ಎಷ್ಟು ಖರ್ಚು ಮಾಡಿದರು ಅನ್ನುವುದರ ಮೇಲೆ ಏಪ್ರಿಲ್‌ನ ಸಂಜೆಗಳು ನಿಂತಿರುತ್ತವೆ. 2023ರಲ್ಲಿ ಮಳೆ ಕೈಕೊಟ್ಟಿತು, ಪಂಪ್‌ಸೆಟ್‌ಗಳು ಅವಧಿಗೆ ಮೊದಲೇ ಓಡತೊಡಗಿದವು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯದೊಳಗೇ ಕರೆಂಟ್ ಮಾರಬೇಕು ಎಂದು ಆದೇಶಿಸಬೇಕಾಯಿತು. ಮೂರು ಅಂಕ ಕಳೆದದ್ದು ಇದಕ್ಕೇ.

ಕಲ್ಲಿದ್ದಲಿನ ಲೆಕ್ಕವನ್ನೂ ಒಮ್ಮೆ ನೋಡಿ. ರಾಯಚೂರು ಶಾಖೋತ್ಪನ್ನ ಕೇಂದ್ರದ 210 ಮೆಗಾವ್ಯಾಟ್ ಘಟಕ ಒಂದು, 24 ಗಂಟೆ ಪೂರ್ತಿ ಓಡಿದರೆ 50 ಲಕ್ಷ ಯೂನಿಟ್ ಕರೆಂಟ್. ಯೂನಿಟ್‌ಗೆ 700 ಗ್ರಾಂ ಕಲ್ಲಿದ್ದಲು ಹಿಡಿದರೆ ದಿನಕ್ಕೆ 3,500 ಟನ್, ಅಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ಗೂಡ್ಸ್ ರೈಲು (ರೇಕ್). ಅಂಥ ಏಳು ಘಟಕ, ಜೊತೆಗೆ 250ರದ್ದೊಂದು. ಎರಡು ದಿನ ರೇಕ್ ತಡವಾದರೆ ಯಾರ್ಡಿನ ಗುಡ್ಡೆ ಕಣ್ಣಿಗೆ ಕಾಣುವಂತೆ ಕರಗುತ್ತದೆ. ಮಳೆಗಾಲದಲ್ಲಂತೂ ಕಲ್ಲಿದ್ದಲು ಇದ್ದರೂ ಒದ್ದೆಯಾಗಿ ಬಂಕರಿನ (ದಾಸ್ತಾನು ತೊಟ್ಟಿ) ಬಾಯಲ್ಲಿ ಅಂಟಿಕೊಳ್ಳುತ್ತದೆ, ಪುಡಿಮಾಡುವ ಮಿಲ್ಲಿಗೆ ಇಳಿಯುವುದೇ ಇಲ್ಲ. ‘ಕಲ್ಲಿದ್ದಲು ಕೊರತೆ’ ಎಂಬ ಸುದ್ದಿಯಲ್ಲಿ ಅರ್ಧ ಪಾಲು ಗಣಿಯದಲ್ಲ, ಸಾಗಣೆಯದು ಮತ್ತು ಒದ್ದೆಯದು. ಕೈಗಾದ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳಿಗೆ ಈ ತಾಪತ್ರಯವಿಲ್ಲ. ಅಲ್ಲಿನ ಒಂದನೇ ಘಟಕ 2018ರ ಕೊನೆಯ ದಿನ ನಿಂತಾಗ ಸತತ 962 ದಿನ ಓಡಿತ್ತು.

ಇನ್ನು ಫೀಡರ್. ಸಬ್‌ಸ್ಟೇಷನ್ನಿಗೆ ಹಳೇ ಮೈಸೂರು ಕಡೆ 66 ಕೆವಿ, ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆ 110 ಕೆವಿ ಬರುತ್ತದೆ. ಅಲ್ಲಿಂದ ಹೊರಡುವುದು 11 ಕೆವಿ. ಮಾರ್ಚ್–ಏಪ್ರಿಲ್‌ನ ಮೊದಲ ಹನಿ ಬಿದ್ದ ಕೂಡಲೇ ಕರೆಂಟ್ ಹೋಗುವುದನ್ನು ಜನ ‘ಮೋಡ ಕಂಡರೆ ಸ್ವಿಚ್ ಆಫ್ ಮಾಡ್ತಾರೆ’ ಅಂತ ಆಡಿಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಇನ್ಸುಲೇಟರು, ತಂತಿಯನ್ನು ಕಂಬಕ್ಕೆ ತಾಗದಂತೆ ಹಿಡಿಯುವ ಪಿಂಗಾಣಿ ತುಂಡು. ನಾಲ್ಕು ತಿಂಗಳ ಧೂಳು ಪಿಂಗಾಣಿಯ ಮೇಲೆ ಕೂತಿರುತ್ತದೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ತುಂತುರು ಬರೀ ಕೆಸರು ಮಾಡುತ್ತದೆ. ಆ ಕೆಸರಿನ ಮೇಲೆ ಕರೆಂಟ್ ಜಾರಿ ಕಂಬಕ್ಕೆ ಹಾರಿ ಫೀಡರ್ ಟ್ರಿಪ್. ಮಲೆನಾಡಿನಲ್ಲಿ ಇದರ ಬದಲು ಮರದ ಕೊಂಬೆ. ಕರೆಂಟ್ ಬಂದು, ಹೋಗಿ, ಮತ್ತೆ ಬಂದು ಹೋದರೆ ಯಾರೋ ಆಟವಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಸಬ್‌ಸ್ಟೇಷನ್ನಿನವರು ಟ್ರಯಲ್ ಚಾರ್ಜ್ ಮಾಡಿ, ಅಂದರೆ ಲೈನಿಗೆ ಒಮ್ಮೆ ಕರೆಂಟ್ ಕೊಟ್ಟು, ನಿಲ್ಲುತ್ತದೆಯೇ ಅಂತ ನೋಡುತ್ತಿರುತ್ತಾರೆ. ನಿಲ್ಲದಿದ್ದರೆ ಲೈನ್‌ಮ್ಯಾನ್ ಲೈನುದ್ದಕ್ಕೂ ನಡೆಯಬೇಕು. ದೋಷದ ಜಾಗ ಸಿಕ್ಕಮೇಲೆ ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಬಂದ್ ಮಾಡಿದೆ ಎಂಬ ಖಾತರಿ) ತೆಗೆದುಕೊಂಡು, ಜಿಓಎಸ್ (ಕಂಬದ ಮೇಲಿನ ಸ್ವಿಚ್) ಬಿಚ್ಚಿ, ಎರಡೂ ಬದಿಗೆ ಲೈನನ್ನು ನೆಲಕ್ಕೆ ಜೋಡಿಸುವ ಅರ್ತ್ ರಾಡ್ ಹಾಕಿ ಆಮೇಲೆ ಕಂಬ ಹತ್ತಬೇಕು. ಈ ಹೊತ್ತಿನಲ್ಲಿ ‘ಬೇಗ ಬೇಗ’ ಅಂತ ಫೋನ್ ಮಾಡುವವರು ಒಂದು ಜೀವದ ಜೊತೆ ಚೌಕಾಸಿ ಮಾಡುತ್ತಿರುತ್ತಾರೆ.

ಸರಬರಾಜು ಕಂಪನಿಗಳು ಪ್ರಕಟಿಸುವ ಅಡಚಣೆಯ ಅಂಕಿಗಳು ಬಹುಮಟ್ಟಿಗೆ ಈ 11 ಕೆವಿ ಫೀಡರ್ ಮಟ್ಟದ್ದು. ನಿಮ್ಮ ಬೀದಿಯ ಟಿಸಿಯಲ್ಲಿ ಫ್ಯೂಸ್ ಹಾರಿ ಇಡೀ ರಾತ್ರಿ ಕತ್ತಲಾದರೂ ಫೀಡರ್ ಚಾಲೂ ಇತ್ತು ಅಂದರೆ ಕಾಗದದಲ್ಲಿ ನೀವು ಬೆಳಕಲ್ಲೇ ಇದ್ದಿರಿ. ವರದಿಗೂ ಅನುಭವಕ್ಕೂ ತಾಳೆಯಾಗದ ಗುಟ್ಟು ಇದು.

ಈಗ ಆ 4 ಅಂಕದ ಎಲ್‌ಟಿಗೆ ಬರೋಣ. ಹಳ್ಳಿಯ ಹೊಲದಂಚಿನ 25 ಕೆವಿಎ ಸಾಮರ್ಥ್ಯದ ಟಿಸಿಯನ್ನೇ ತೆಗೆದುಕೊಳ್ಳಿ. 433 ವೋಲ್ಟಿನಲ್ಲಿ ಅದು ಪ್ರತಿ ಫೇಸಿಗೆ ಕೊಡಬಲ್ಲದ್ದು 33 ಆಂಪ್ಸ್. ಐದು ಎಚ್‌ಪಿ ಮೋಟಾರು ಓಡುವಾಗ ಏಳೂವರೆ ಆಂಪ್ಸ್ ಎಳೆಯುತ್ತದೆ, ಅಂದರೆ ನಾಲ್ಕು ಮೋಟಾರಿಗೆ ಸರಿಹೋಯಿತು. ಅದಕ್ಕೆ ಎಂಟು ಕಟ್ಟಿರುತ್ತಾರೆ, ಅದರಲ್ಲಿ ಎರಡಕ್ಕೆ ಆರ್‌ಆರ್ ನಂಬರೇ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇರುವುದಿಲ್ಲ. ಕೃಷಿಗೆ ಥ್ರೀಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ ಲೆಕ್ಕದಲ್ಲಿ. ರಾತ್ರಿ ಎದ್ದು ಹೋಗುವವರು ಯಾರು ಅಂತ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಕರೆಂಟ್ ಬಂದ ಕ್ಷಣ ಎಂಟೂ ಒಟ್ಟಿಗೆ ಏಳುತ್ತವೆ. ಏಳುವಾಗ ಮೋಟಾರು ಆರು ಪಟ್ಟು ಕರೆಂಟ್ ಎಳೆಯುತ್ತದೆ: 8 × 7.5 × 6, ಅಂದರೆ 360 ಆಂಪ್ಸ್, 33ರ ಟಿಸಿ ಮೇಲೆ. ಫ್ಯೂಸ್ ಹಾರಬೇಕಿತ್ತು. ಹಿಂದಿನ ವಾರ ಹಾರಿದ್ದಾಗ ಯಾರೋ ಅದರ ಜಾಗಕ್ಕೆ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿರುತ್ತಾರೆ. ಹಾಗಾಗಿ ಫ್ಯೂಸ್ ಉಳಿಯುತ್ತದೆ, ಟಿಸಿ ಹೋಗುತ್ತದೆ.

ಟಿಸಿ ಉಳಿದರೆ ಮೋಟಾರಿಗೆ ಕಾದಿದೆ. 415ರ ಬದಲು 340 ವೋಲ್ಟ್ ಬಂದರೆ ಅದೇ ಕೆಲಸಕ್ಕೆ ಕರೆಂಟ್ ಒಂಬತ್ತು ಆಂಪ್ಸ್ ದಾಟುತ್ತದೆ, ವೈಂಡಿಂಗಿನ ಬಿಸಿ ಒಂದೂವರೆ ಪಟ್ಟು. ಮದ್ದು ದುಬಾರಿಯದಲ್ಲ. ಆಟೋ ಸ್ಟಾರ್ಟರಿಗೆ ಟೈಮರ್ ಇಟ್ಟು ಒಬ್ಬರಿಗೆ 30 ಸೆಕೆಂಡ್, ಮುಂದಿನವರಿಗೆ 60, ಅದರ ಮುಂದಿನವರಿಗೆ 90 ಅಂತ ಹಂಚಿಕೊಳ್ಳಬೇಕು. ಐದು ಎಚ್‌ಪಿಗೆ ಲೈನಿನಿಂದ ಎಳೆಯುವ ಕರೆಂಟ್ ತಗ್ಗಿಸಲು 2 ಕೆವಿಎಆರ್ ಅಳತೆಯ ಕೆಪಾಸಿಟರ್ ಕಟ್ಟಬೇಕು. ಸಿಂಗಲ್ ಫೇಸ್ ಇರುವಾಗ ಕಂಡೆನ್ಸರ್ ಕಟ್ಟಿ ಥ್ರೀಫೇಸ್ ಮೋಟಾರ್ ಓಡಿಸುವ ಚಾಳಿ ಬಿಡಬೇಕು. ಅದು ಮೋಟಾರನ್ನೂ ತಿನ್ನುತ್ತದೆ, ಊರಿನ ದೀಪವನ್ನೂ ಮಂಕು ಮಾಡುತ್ತದೆ. ಟಿಸಿ ಹತ್ತಿರ ಹೋದಾಗ ಬೇಲಿಯಾಚೆಯಿಂದಲೇ ಬ್ರೀದರಿನ (ಟಿಸಿ ಗಾಳಿ ಎಳೆದುಕೊಳ್ಳುವ ಡಬ್ಬಿ) ಒಳಗಿನ, ತೇವ ಹೀರುವ ಸಿಲಿಕಾ ಜೆಲ್ ಬಣ್ಣ ನೋಡಿ. ನೀಲಿ ಇರುವ ಜಾತಿಯದು ಗುಲಾಬಿಗೆ ತಿರುಗಿದ್ದರೆ ಎಣ್ಣೆಗೆ ತೇವ ಸೇರುತ್ತಿದೆ.

ಊರೊಳಗಿನ ವೋಲ್ಟೇಜ್ ಕಥೆ ತಂತಿಯದು. ಎಲ್‌ಟಿಗೆ ಸಾಮಾನ್ಯವಾಗಿ ಎಳೆದಿರುವುದು ರ‍್ಯಾಬಿಟ್ ಅಥವಾ ವೀಸೆಲ್ ಎಂಬ ಹೆಸರಿನ ಅಲ್ಯೂಮಿನಿಯಂ ತಂತಿ. ವೀಸೆಲ್‌ನ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಟಿಸಿಯಿಂದ ಅರ್ಧ ಕಿಲೋಮೀಟರ್ ದೂರದ ಕೊನೆಯ ಕಂಬದಲ್ಲಿ ಒಂದೇ ಫೇಸಿನ ಮೇಲೆ 60 ಆಂಪ್ಸ್ ಬಿದ್ದರೆ, ಹೋಗುವ ತಂತಿಯಲ್ಲಿ 27 ವೋಲ್ಟ್, ನ್ಯೂಟ್ರಲ್‌ನಲ್ಲಿ ವಾಪಸ್ ಬರುವಾಗ ಇನ್ನೊಂದು 27. ಟಿಸಿಯಲ್ಲಿ 240 ಇದ್ದದ್ದು ಅಲ್ಲಿ 186. ಹಳೆಯ ವಿದ್ಯುತ್ ನಿಯಮಗಳಿಂದ ಬಂದ ಅಳತೆ ಶೇ 6 ಆಚೀಚೆ, ಅಂದರೆ 230ಕ್ಕೆ 216ರಿಂದ 244. ಲೋಡನ್ನು ಮೂರು ಫೇಸಿಗೂ ಸಮನಾಗಿ ಹಂಚಿದರೆ ನ್ಯೂಟ್ರಲ್‌ನ ಪಾಲು ಪೂರ್ತಿ ಉಳಿಯುತ್ತದೆ, ತಂತಿ ಬದಲಿಸಬೇಕಿಲ್ಲ. ಅರ್ಧ ದಿನದ ಕೆಲಸ. ಮಾಡುವವರು ಕಡಿಮೆ.

ಕಡಿಮೆ ವೋಲ್ಟೇಜಿಗಿಂತ ಹೆದರಬೇಕಾದ್ದು ನ್ಯೂಟ್ರಲ್ ಕಟ್ ಆಗುವುದಕ್ಕೆ. ನ್ಯೂಟ್ರಲ್ ತುಂಡಾದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು 400 ವೋಲ್ಟಿನ ನಡುವೆ ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದರಲ್ಲಿ 2,000 ವ್ಯಾಟಿನ ಗೀಸರ್, ಇನ್ನೊಂದರಲ್ಲಿ 100 ವ್ಯಾಟಿನ ಲೋಡ್ ಅಂತಿಟ್ಟುಕೊಳ್ಳಿ. ಗೀಸರಿನ ಮನೆಗೆ 20 ವೋಲ್ಟ್ ಸಿಗುತ್ತದೆ, ಬಡಪಾಯಿ ಎರಡನೇ ಮನೆಗೆ 380. ಟಿವಿ, ಫ್ರಿಜ್, ರೂಟರ್ ಒಂದೇ ಏಟಿಗೆ. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಏನೂ ಮಾಡುವುದಿಲ್ಲ, ಅದು ಕಾಯುವುದು ಕರೆಂಟನ್ನು, ವೋಲ್ಟೇಜನ್ನಲ್ಲ. ಕೆಲವು ದೀಪ ಕಣ್ಣು ಕುಕ್ಕುವಷ್ಟು ಉರಿದು, ಪಕ್ಕದ ಮನೆಯದು ಮಿಣುಕತೊಡಗಿದರೆ ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ಪಕ್ಕದವರಿಗೆ ಕೂಗಿ ಹೇಳಿ. ಓವರ್ ವೋಲ್ಟೇಜ್ ಕಟ್‌ಆಫ್ ಸಾಧನವೊಂದನ್ನು ಮೀಟರಿನ ನಂತರ ಕೂರಿಸುವುದು ಈ ಇಡೀ ವಿಮರ್ಶೆಯಲ್ಲಿ ಮನೆಗಾಗಿ ನಾವು ಮಾಡುವ ಏಕೈಕ ಖರೀದಿ ಶಿಫಾರಸು.

ದೋಷ ನಿಮ್ಮದೋ ಕಂಬದ್ದೋ ಎಂದು ತಿಳಿಯಲು ಸಂಜೆ ಏಳೂವರೆಗೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ. ಗೀಸರ್ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ ಮೀಟರಿನ ಬಳಿ ವೋಲ್ಟೇಜ್ ನೋಡಲಿ. ಎರಡು ಸಾವಿರ ವ್ಯಾಟಿಗೆ ಸುಮಾರು 9 ಆಂಪ್ಸ್. 20 ಮೀಟರ್ ಉದ್ದದ, 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಸರ್ವಿಸ್ ವೈರಿನಲ್ಲಿ ಎರಡೂವರೆ ವೋಲ್ಟ್ ಇಳಿಯುವುದು ಸಹಜ. ಹತ್ತು ಹದಿನೈದು ಇಳಿದರೆ, ಪಕ್ಕದ ಮನೆಯಲ್ಲಿ ಇಳಿಯದಿದ್ದರೆ, ಕಂಬದ ಮೇಲಿನ ಜಾಯಿಂಟ್ ಸಡಿಲ. ತಾಮ್ರದ ವೈರನ್ನು ಅಲ್ಯೂಮಿನಿಯಂ ತಂತಿಗೆ ಬರೀ ಕೈಯಲ್ಲಿ ಸುತ್ತಿದ ಜಾಯಿಂಟುಗಳು ಎರಡು ಮಳೆಗಾಲ ಕಳೆಯುವುದರಲ್ಲಿ ಹಸಿರು–ಬಿಳಿ ಪುಡಿ ಹಿಡಿಯುತ್ತವೆ. ಎರಡು ಲೋಹಗಳನ್ನು ಜೋಡಿಸುವ ಬೈಮೆಟಲ್ ಕನೆಕ್ಟರ್ ಹಾಕಿ ಅಂತ ಕೇಳಿ. ಕಂಬದ ಕೆಲಸ ಲೈನ್‌ಮ್ಯಾನ್‌ದೇ, ಏಣಿ ಇಟ್ಟು ನೀವು ಹತ್ತಬೇಡಿ.

ಬಿಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಜುಲೈನಿಂದ ಗೃಹಜ್ಯೋತಿ ಬಂದಮೇಲೆ 200 ಯೂನಿಟ್ ಒಳಗಿನ ಬಹುಪಾಲು ಮನೆಗಳು ಬಿಲ್ ಓದುವುದನ್ನೇ ಬಿಟ್ಟಿವೆ. ಆದರೂ ಓದಿ: ಉಚಿತ ಸಿಗುವುದು ಸಾರಾಸಗಟು 200 ಅಲ್ಲ, ನಿಮ್ಮ ಹಿಂದಿನ ಸರಾಸರಿಗೆ ಒಂದಿಷ್ಟು ಸೇರಿಸಿದ ಲೆಕ್ಕ, 200 ದಾಟಿದ ತಿಂಗಳು ಪೂರ್ತಿ ಬಿಲ್. 2025ರ ಏಪ್ರಿಲ್‌ನಿಂದ ವಿದ್ಯುತ್ ಕಂಪನಿ ನೌಕರರ ಪಿಂಚಣಿ–ಗ್ರಾಚ್ಯುಟಿ ಹೆಸರಲ್ಲಿ ಯೂನಿಟ್‌ಗೆ 36 ಪೈಸೆ ಸೇರಿತು. ಮಂಜೂರಾದ ಕಿಲೋವ್ಯಾಟ್ ಎಷ್ಟಿದೆ ಅನ್ನುವುದನ್ನೂ ನೋಡಿ, ನಿಗದಿತ ಶುಲ್ಕ ನಿಂತಿರುವುದು ಅದರ ಮೇಲೆ.

ದೂರು ಸೇವೆಗೆ 5. ಸಹಾಯವಾಣಿ 1912ರಲ್ಲಿ ಫೋನ್ ಎತ್ತುತ್ತಾರೆ, ಅದು ಸುಧಾರಣೆಯೇ. ‘ಕರೆಂಟ್ ಇಲ್ಲ’ ಅಂದರೆ ಮಾತ್ರ ದೂರು ಫೀಡರ್ ಲೆಕ್ಕಕ್ಕೆ ಹೋಗಿ ‘ಲೈನ್ ಚಾಲೂ ಇದೆ’ ಎಂದು ಮುಚ್ಚಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಹೀಗೆ ಹೇಳಿ: ಆರ್‌ಆರ್ ನಂಬರ್, ಟಿಸಿಯ ಮೇಲೆ ಬರೆದಿರುವ ಸಂಖ್ಯೆ, ಎಷ್ಟು ಮನೆಗೆ ಇಲ್ಲ, ಬೀದಿದೀಪ ಉರಿಯುತ್ತಿದೆಯೇ, ಹೋಗುವ ಮುಂಚೆ ಸದ್ದು ಅಥವಾ ಕಿಡಿ ಕಂಡಿತೇ, ವೋಲ್ಟೇಜ್ ಅಳೆದಿದ್ದರೆ ಎಷ್ಟು ಬಂತು. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಮತ್ತು ಗಂಟೆ ಬರೆದಿಟ್ಟುಕೊಳ್ಳಿ. ಸುಟ್ಟ ಟಿಸಿ ಬದಲಿಸಲು ಕೆಇಆರ್‌ಸಿಯ (ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ) ಸೇವಾ ಮಾನದಂಡದಲ್ಲಿರುವ ಗಡುವು ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72. ಗಡುವು ಮೀರಿದರೆ ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಲಿಖಿತ ಅರ್ಜಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಅಲ್ಲಿಗೆ ಹೋಗುವಾಗ ಬೇಕಾಗುವುದು ಆ ಸೀಲು ಬಿದ್ದ ಪ್ರತಿ, ಡಾಕೆಟ್ ನಂಬರುಗಳು, ಮತ್ತು ಏಳು ದಿನದ ಸಂಜೆಯ ವೋಲ್ಟೇಜ್ ಬರೆದ ಒಂದು ಹಾಳೆ.