ಒಂಟಾರಿಯೊದ ಫ್ರೆಂಚ್ ಇಮ್ಮರ್ಶನ್: ಒಂದನೇ ತರಗತಿಯಿಂದ ಏಳನೇ ತರಗತಿವರೆಗೆ ನಾವು ಕಂಡಿದ್ದು

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿರುವ ಕನ್ನಡದ ಮನೆಗಳಲ್ಲಿ ಮಗು ಸೀನಿಯರ್ ಕಿಂಡರ್‌ಗಾರ್ಟನ್‌ಗೆ ಬಂತು ಅಂದರೆ ಈ ಮಾತು ಶುರುವಾಗುತ್ತದೆ: ಫ್ರೆಂಚ್ ಇಮ್ಮರ್ಶನ್‌ಗೆ ಹಾಕೋಣವಾ, ಬೇಡವಾ? ಇಮ್ಮರ್ಶನ್ ಅಂದರೆ ಪಾಠಗಳನ್ನೇ ಫ್ರೆಂಚಿನಲ್ಲಿ ಕಲಿಸುವ ತರಗತಿ. ನಮ್ಮ ಮಗಳು ಈಗ ಏಳನೇ ತರಗತಿ. ಒಂದನೇ ತರಗತಿಯಿಂದಲೂ ಇದರಲ್ಲೇ ಓದುತ್ತಿದ್ದಾಳೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಧೈರ್ಯವಾಗಿ ಹಾಕಿ. ಆದರೆ ಅದಕ್ಕೆ ಜಾಗ ಮಾಡಿಕೊಡಲು ಅಂತ ಮನೆಯ ಕನ್ನಡವನ್ನು ಮಾತ್ರ ತೆಗೆಯಬೇಡಿ. ಮಾತಷ್ಟೇ ಅಲ್ಲ, ಕನ್ನಡ ಓದು ಬರಹವೂ ಜೊತೆಯಲ್ಲೇ ನಡೆಯಲಿ.

ಹೊಸದಾಗಿ ಬಂದವರು ಕೇಳುವ ಮೊದಲ ಗೊಂದಲ ಬಗೆಹರಿಸುತ್ತೇನೆ. ಫ್ರೆಂಚ್ ಶಾಲೆ ಬೇರೆ, ಇಮ್ಮರ್ಶನ್ ಬೇರೆ. ಫ್ರೆಂಚ್ ಶಾಲೆಗಳಿಗೆ ಅವರದೇ ಬೋರ್ಡ್, ಅಂದರೆ ಊರಿನ ಶಾಲೆಗಳನ್ನು ನಡೆಸುವ ಆಡಳಿತ, ಇದೆ. ಅಲ್ಲಿ ಮುಖ್ಯವಾಗಿ ಕೆನಡಾ ಸಂವಿಧಾನದ ಹಕ್ಕುಗಳ ಚಾರ್ಟರಿನ 23ನೇ ಸೆಕ್ಷನ್ ಪ್ರಕಾರ ಹಕ್ಕಿರುವ ಫ್ರೆಂಚ್ ಮನೆಗಳ ಮಕ್ಕಳು ಓದುತ್ತಾರೆ. ಇಮ್ಮರ್ಶನ್ ನಡೆಯುವುದು ಇಂಗ್ಲಿಷ್ ಬೋರ್ಡಿನ ಶಾಲೆಯಲ್ಲೇ. ಮನೆಯಲ್ಲಿ ಫ್ರೆಂಚ್ ಇಲ್ಲದ ಮಕ್ಕಳಿಗಾಗಿಯೇ ಇರುವ ವ್ಯವಸ್ಥೆ ಅದು. ಗಣಿತ, ಸಮಾಜದಂಥ ಪಾಠಗಳನ್ನೇ ಫ್ರೆಂಚಿನಲ್ಲಿ ಹೇಳಿಕೊಡುತ್ತಾರೆ. ಫೀಸ್ ಇಲ್ಲ. ಕೆಲವು ಬೋರ್ಡುಗಳಲ್ಲಿ ಮೊದಲ ವರ್ಷಗಳು ಪೂರ್ತಿ ಫ್ರೆಂಚ್, ಕೆಲವು ಕಡೆ ಅರ್ಧ ದಿನ ಫ್ರೆಂಚ್, ಅರ್ಧ ದಿನ ಇಂಗ್ಲಿಷ್. ಶುರುವಾಗುವ ತರಗತಿಯೂ ಬೋರ್ಡಿನಿಂದ ಬೋರ್ಡಿಗೆ ಬೇರೆ. ಅರ್ಜಿ ಹಾಕುವ ಮುಂಚೆ ನಿಮ್ಮ ಬೋರ್ಡಿನದು ಹೇಗೆ ಅಂತ ನೋಡಿಕೊಳ್ಳಿ.

ಇಮ್ಮರ್ಶನ್‌ಗೆ ಹಾಕದಿದ್ದರೂ ಮಗು ಫ್ರೆಂಚ್ ಕಲಿಯಲೇಬೇಕು. ನಾಲ್ಕನೇ ತರಗತಿಯಿಂದ ಕೋರ್ ಫ್ರೆಂಚ್, ಅಂದರೆ ಫ್ರೆಂಚನ್ನು ಒಂದು ವಿಷಯವಾಗಿ ಮಾತ್ರ ಕಲಿಸುವ ಪೀರಿಯಡ್, ಕಡ್ಡಾಯ. ವ್ಯತ್ಯಾಸ ಇರುವುದು ಗಂಟೆಗಳಲ್ಲಿ. ಎಂಟನೇ ತರಗತಿ ಮುಗಿಯುವ ಹೊತ್ತಿಗೆ ಕೋರ್ ಫ್ರೆಂಚ್ ಮಕ್ಕಳಿಗೆ 600 ಗಂಟೆ ಆಗಿರುತ್ತದೆ. ಇಮ್ಮರ್ಶನ್ ಮಕ್ಕಳಿಗೆ ಕಡಿಮೆ ಅಂದರೂ 3,800 ಗಂಟೆ. ಕೋರ್ ಫ್ರೆಂಚ್ ಕಲಿತ ಪಕ್ಕದ ಮನೆ ಹುಡುಗ ಬಣ್ಣಗಳ ಹೆಸರು, ವಾರಗಳ ಹೆಸರು ಹೇಳುತ್ತಾನೆ. ನಮ್ಮವಳು ಫ್ರೆಂಚಿನಲ್ಲಿ ಕಾದಂಬರಿ ಓದುತ್ತಾಳೆ. ಇಬ್ಬರೂ ಚುರುಕು ಮಕ್ಕಳೇ. ಕಲಿಯಲು ಸಿಕ್ಕ ಸಮಯ ಬೇರೆ, ಅಷ್ಟೇ.

ಅರ್ಜಿ ಸಾಮಾನ್ಯವಾಗಿ ಚಳಿಗಾಲದಲ್ಲಿ, ಆನ್‌ಲೈನಿನಲ್ಲಿ. ಬೇಡಿಕೆ ಜಾಸ್ತಿ ಇರುವ ಕಡೆ ಲಾಟರಿ ಎತ್ತುತ್ತಾರೆ. ಅಣ್ಣನೋ ಅಕ್ಕನೋ ಆಗಲೇ ಅದೇ ಪ್ರೋಗ್ರಾಮಿನಲ್ಲಿದ್ದರೆ ಸಾಮಾನ್ಯವಾಗಿ ಆದ್ಯತೆ ಸಿಗುತ್ತದೆ. ಕೊನೆಯ ತಾರೀಖು ದಾಟಿದರೆ ವೇಟಿಂಗ್ ಲಿಸ್ಟ್. ಆ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಮೊದಲು ಬೇಡ ಅಂದಿದ್ದು ಮೈಸೂರಿನಲ್ಲಿರುವ ನಮ್ಮ ಅತ್ತೆ. "ಅಲ್ಲಮ್ಮಾ, ಮಗೂಗೆ ಇಂಗ್ಲಿಷೇ ಇನ್ನೂ ಸರಿಯಾಗಿ ಕೂತಿಲ್ಲ. ಮನೇಲಿ ಕನ್ನಡ, ಬೀದೀಲಿ ಇಂಗ್ಲಿಷು. ಮೂರನೇದು ಬೇರೆ ಯಾಕೆ?" ಅಂದರು. ನಮ್ಮ ಮನೆಯವರಿಗೂ ಅದೇ ಅಳುಕು. ಕೇಳಬೇಕಾದ ಪ್ರಶ್ನೆಯೇ ಅದು. ಆದ್ದರಿಂದ ಅರ್ಜಿ ಹಾಕುವ ಮುಂಚೆ ಒಂದಷ್ಟು ಓದಿದೆ.

ಇಮ್ಮರ್ಶನ್ ಶುರುವಾಗಿದ್ದು 1965ರಲ್ಲಿ, ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್‌ನಲ್ಲಿ, ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ. ಅದನ್ನು ತಂದಿದ್ದು ಸರ್ಕಾರ ಅಲ್ಲ, ಅಪ್ಪ ಅಮ್ಮಂದಿರು. ತಮ್ಮ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಪೀರಿಯಡ್‌ನಲ್ಲಿ ಕೂತರೂ ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಲು ಆಗುವುದಿಲ್ಲ ಅಂತ ಇಂಗ್ಲಿಷ್ ಮನೆಗಳವರು ಬೋರ್ಡಿನ ಹಿಂದೆ ಬಿದ್ದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದರು. ಶುರುವಿನಲ್ಲಿ ಇಂಗ್ಲಿಷ್ ಓದು ಸ್ವಲ್ಪ ಹಿಂದೆ ಬೀಳುತ್ತದೆ, ಆಮೇಲೆ ಸರಿಹೋಗುತ್ತದೆ ಅಂತ ಅವರಿಗೆ ಕಂಡಿತು.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಎರಡನೇ ತರಗತಿಯಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಕಲಸಿಹೋಗಿತ್ತು. ಮೂರರಲ್ಲಿ ಸುಧಾರಿಸಿತು. ನಾಲ್ಕನೇ ತರಗತಿ ಮುಗಿಯುವಾಗ ಲೈಬ್ರರಿಯಿಂದ ದಪ್ಪ ಇಂಗ್ಲಿಷ್ ಪುಸ್ತಕ ತಂದು ತಾನೇ ಓದುತ್ತಿದ್ದಳು. ಟ್ಯೂಷನ್‌ಗೆ ಹಾಕಲಿಲ್ಲ. ಎರಡನೇ ತರಗತಿಯ ರಿಪೋರ್ಟ್ ಕಾರ್ಡ್ ನೋಡಿ ಗಾಬರಿಯಾಗಿ ಮಗುವನ್ನು ಬಿಡಿಸಿದ ಎರಡು ಮೂರು ಮನೆ ನನಗೆ ಗೊತ್ತು. ಅವರಿಗೆ ಇನ್ನೊಂದು ವರ್ಷ ಕಾಯಿರಿ ಅಂತ ಯಾರಾದರೂ ಹೇಳಬೇಕಿತ್ತು.

ಮೊದಲ ವರ್ಷ ಮಗು ಸುಸ್ತಾಗಿ ಬರುತ್ತದೆ. ಇದಕ್ಕೆ ಸಿದ್ಧರಾಗಿರಿ. ಅರ್ಥವಾಗದ ಭಾಷೆಯಲ್ಲಿ ಗಂಟೆಗಟ್ಟಲೆ ಕೂತು, ಮದಾಮ್‌ರ ಕೈ ಸನ್ನೆ ನೋಡಿ, ಚಿತ್ರ ನೋಡಿ ಊಹೆ ಮಾಡುವುದು ಆರು ವರ್ಷದ ಮಗುವಿಗೆ ದೊಡ್ಡ ಕೆಲಸ. ಇಲ್ಲಿ ಟೀಚರನ್ನು ಮಕ್ಕಳು ಮದಾಮ್, ಮಸ್ಯೂ ಅಂತಲೇ ಕರೆಯುತ್ತಾರೆ. ಬಾತ್‌ರೂಮಿಗೆ ಹೋಗಲಾ ಅಂತ ಕೇಳುವ ವಾಕ್ಯ ಎಲ್ಲಕ್ಕಿಂತ ಮೊದಲು ಬಾಯಿಗೆ ಬರುತ್ತದೆ. ಕ್ರಿಸ್‌ಮಸ್ ರಜೆ ಹೊತ್ತಿಗೆ ಪಾಠ ಅರ್ಥವಾಗತೊಡಗುತ್ತದೆ. ಮಾತು ಇನ್ನೂ ತಡವಾಗಿ ಬರುತ್ತದೆ.

ನನಗೆ ತುಂಬಾ ಖುಷಿ ಕೊಟ್ಟ ವಿಷಯವೊಂದಿದೆ. ಫ್ರೆಂಚ್ ಓದು ಹೇಳಿಕೊಡುವಾಗ ಒಂದು ವ್ಯಂಜನಕ್ಕೆ ಸ್ವರಗಳನ್ನು ಸೇರಿಸಿ ಸಾಲಾಗಿ ಹೇಳಿಸುತ್ತಾರೆ: ಮಾ, ಮೇ, ಮೀ, ಮೋ. ಮಗಳು ಅಷ್ಟು ಹೊತ್ತಿಗೆ ಶನಿವಾರದ ಕನ್ನಡ ತರಗತಿಯಲ್ಲಿ ಕಾಗುಣಿತಕ್ಕೆ ಬಂದಿದ್ದಳು. ಒಂದು ದಿನ ಅಡುಗೆಮನೆಗೆ ಎರಡೂ ಪುಸ್ತಕ ಹಿಡಿದು ಬಂದು, "ಅಮ್ಮಾ, ಮದಾಮ್ ಕೂಡ ಕಾಗುಣಿತ ಹೇಳಿಕೊಡ್ತಾರೆ!" ಅಂದಳು. ಉಚ್ಚಾರದಲ್ಲೂ ನಮ್ಮ ಮಕ್ಕಳಿಗೆ ಅನುಕೂಲವಿದೆ. ಫ್ರೆಂಚಿನ ತ, ದ ನಮ್ಮ ತ, ದ ಹಾಗೆಯೇ ಹಲ್ಲಿಗೆ ತಾಗಿ ಬರುತ್ತವೆ. ಪ, ತ, ಕ ಹೇಳುವಾಗ ಇಂಗ್ಲಿಷಿನಲ್ಲಿ ಬರುವ ಹಾಗೆ ಉಸಿರು ನುಗ್ಗುವುದಿಲ್ಲ. ಬೇಡ ಅಂದಿದ್ದ ಅಜ್ಜಿಯೇ ವಿಡಿಯೊ ಕಾಲಿನಲ್ಲಿ ಮೊಮ್ಮಗಳ ಜೊತೆ ಪದ ಹೇಳುತ್ತಾ ಕೂರುತ್ತಿದ್ದರು. ಎಷ್ಟೋ ಪದ ನನಗಿಂತ ಅವರ ಬಾಯಲ್ಲೇ ಚೆನ್ನಾಗಿ ಬರುತ್ತಿತ್ತು.

ಕಷ್ಟವಾಗಿದ್ದು ಗಣಿತ. ಲೆಕ್ಕ ಬರುತ್ತಿತ್ತು, ಎಣಿಕೆ ಬರುತ್ತಿರಲಿಲ್ಲ. ಫ್ರೆಂಚಿನಲ್ಲಿ 70 ಅಂದರೆ ಅರವತ್ತು-ಹತ್ತು. 73 ಅಂದರೆ ಅರವತ್ತು-ಹದಿಮೂರು. 97 ಅಂದರೆ ನಾಲ್ಕು ಇಪ್ಪತ್ತು, ಮೇಲೆ ಹದಿನೇಳು. ಮದಾಮ್ 73 ಅಂತ ಹೇಳಿದರೆ ಇವಳು 60 ಬರೆದು ಪಕ್ಕದಲ್ಲಿ 13 ಬರೆಯುತ್ತಿದ್ದಳು. ನೋಟ್‌ಬುಕ್ಕಿನ ಒಂದು ಪುಟದ ತುಂಬ 6013, 6015 ಅಂತ ಸಂಖ್ಯೆಗಳು. ಕೂಡುವುದು, ಕಳೆಯುವುದು ಮರೆತಳೇನೋ ಅನ್ನಿಸಬಹುದು. ಹಾಗಲ್ಲ. ಅದೇ ಲೆಕ್ಕವನ್ನು ಕನ್ನಡದಲ್ಲಿ ಕೇಳಿ ನೋಡಿ, ಮಕ್ಕಳು ಥಟ್ ಅಂತ ಹೇಳುತ್ತಾರೆ. ಲೆಕ್ಕ ಗೊತ್ತಿಲ್ಲವೋ, ಪದ ಗೊತ್ತಿಲ್ಲವೋ ಅಂತ ತಿಳಿಯಲು ನಮಗೆ ಮನೆಭಾಷೆಯೇ ದಾರಿಯಾಯಿತು. ಎರಡನೇ ತರಗತಿ ಮುಗಿಯುವುದರೊಳಗೆ ಇದು ತಾನಾಗಿ ಸರಿಹೋಯಿತು.

ನಮಗೇ ಫ್ರೆಂಚ್ ಬರಲ್ಲ, ಹೋಂವರ್ಕ್ ಯಾರು ಮಾಡಿಸುತ್ತಾರೆ? ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಚಿಕ್ಕ ತರಗತಿಗಳಲ್ಲಿ ಹೋಂವರ್ಕ್ ಕಡಿಮೆ. ದಿಕ್ತೇ, ಅಂದರೆ ಉಕ್ತಲೇಖನದ ಪದಗಳ ಪಟ್ಟಿ ಬರುತ್ತದೆ, ಒಂದು ಚಿಕ್ಕ ಕಥೆ ಪುಸ್ತಕ ಬರುತ್ತದೆ. ನಾವು ಕಂಡುಕೊಂಡ ಪದ್ಧತಿ ಹೀಗಿದೆ. ರಾತ್ರಿ ಊಟ ಆದಮೇಲೆ ಅವಳು ಒಂದು ಪುಟ ಫ್ರೆಂಚಿನಲ್ಲಿ ಗಟ್ಟಿಯಾಗಿ ಓದಬೇಕು. ಆಮೇಲೆ ಅದರ ಕಥೆಯನ್ನು ನನಗೆ ಕನ್ನಡದಲ್ಲಿ ಹೇಳಬೇಕು. ನನಗೆ ಫ್ರೆಂಚ್ ಗೊತ್ತಿಲ್ಲದಿರುವುದೇ ಇಲ್ಲಿ ಲಾಭ. ನನಗೆ ನಿಜವಾಗಿಯೂ ಕಥೆ ಗೊತ್ತಿರುವುದಿಲ್ಲ. ಹೇಳುವ ಹುರುಪು ಅವಳಿಗೆ. ನರಿ ಯಾಕೆ ಓಡಿತು, ಆ ಹುಡುಗಿ ಆಮೇಲೆ ಏನು ಮಾಡಿದಳು ಅಂತ ಕೇಳುತ್ತೇನೆ. ಉತ್ತರ ತಿಳಿಯಲು ಅವಳೇ ಪುಟ ತಿರುಗಿಸಿ ಮತ್ತೆ ಓದುತ್ತಾಳೆ. ಈ ಒಂದು ಅಭ್ಯಾಸದಿಂದ ಎರಡೂ ಭಾಷೆ ಬೆಳೆದವು. ಯಾವ ಆ್ಯಪ್‌ನಿಂದಲೂ ನಮಗೆ ಇಷ್ಟು ಉಪಯೋಗ ಆಗಿಲ್ಲ.

ಕನ್ನಡ ಓದು ಬರಹ ಬಿಡಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಆಧಾರವೂ ಇದೆ. ಟೊರೊಂಟೊದಲ್ಲಿ ಮೆರಿಲ್ ಸ್ವೇನ್ ಮತ್ತು ಅವರ ಸಂಗಡಿಗರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫ್ರೆಂಚ್-ಇಂಗ್ಲಿಷ್ ದ್ವಿಭಾಷಾ ತರಗತಿಯಲ್ಲಿದ್ದ ಎಂಟನೇ ತರಗತಿ ಮಕ್ಕಳನ್ನು ನೋಡಿದ್ದರು. ಅದರಲ್ಲಿ ಅನೇಕರ ಮನೆಯಲ್ಲಿ ಮೂರನೇ ಭಾಷೆ ಇತ್ತು. ಆ ಮನೆಭಾಷೆಯಲ್ಲಿ ಓದಲು ಬರೆಯಲು ಬರುವ ಮಕ್ಕಳು ಫ್ರೆಂಚಿನಲ್ಲಿ ಮುಂದಿದ್ದರು. ಮನೆಭಾಷೆ ಮಾತಾಡಲು ಮಾತ್ರ ಬರುತ್ತಿದ್ದವರಿಗೆ ಅಷ್ಟು ಲಾಭ ಕಾಣಲಿಲ್ಲ. ನಮ್ಮವರು ಮಾಡುವುದು ಇದರ ಉಲ್ಟಾ. ಫ್ರೆಂಚ್ ಭಾರ ಜಾಸ್ತಿಯಾಯಿತು ಅಂತ ಮೊದಲು ಶನಿವಾರದ ಕನ್ನಡ ತರಗತಿ ಬಿಡಿಸುತ್ತಾರೆ, ಆಮೇಲೆ ಮನೆಯಲ್ಲೂ ಇಂಗ್ಲಿಷಿಗೆ ಇಳಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂಟಾರಿಯೊದಲ್ಲಿ 25 ಮಕ್ಕಳ ಪೋಷಕರು ಸೇರಿ ಕೇಳಿದರೆ ಬೋರ್ಡಿನವರೇ ಮನೆಭಾಷೆಯ ತರಗತಿ ನಡೆಸಬೇಕು ಅನ್ನುವ ನಿಯಮವಿದೆ. ನಿಮ್ಮ ಊರಿನಲ್ಲಿ ಕನ್ನಡ ತರಗತಿ ಇಲ್ಲದಿದ್ದರೆ ಈ ದಾರಿ ನೋಡಿ.

ಇನ್ನು ಮಾತಿನ ವಿಷಯ. ಇಮ್ಮರ್ಶನ್ ಮಾಡಿದರೆ ಮಗು ಫ್ರೆಂಚರ ಹಾಗೆ ಮಾತಾಡುತ್ತದೆ ಅಂತ ಹೇಳುವವರಿದ್ದಾರೆ. ಹಾಗಾಗುವುದಿಲ್ಲ. ಕಿವಿ ಮತ್ತು ಓದು ಬಹಳ ಚೆನ್ನಾಗಿ ಬರುತ್ತದೆ. ಬಾಯಿ ಹಿಂದೆ ಉಳಿಯುತ್ತದೆ. ನಾವು ಕ್ವಿಬೆಕ್ ಸಿಟಿಗೆ ಹೋದಾಗ ಇದು ಚೆನ್ನಾಗಿ ಕಂಡಿತು. ಬೇಕರಿಯಾಕೆ ಪಟಪಟ ಅಂತ ಹೇಳಿದ್ದೆಲ್ಲ ಮಗಳಿಗೆ ಅರ್ಥವಾಯಿತು. ಯಾವುದರಲ್ಲಿ ಮೊಟ್ಟೆ ಇದೆ, ಯಾವುದರಲ್ಲಿ ಮಾಂಸ ಇದೆ ಅಂತ ನಮಗೆ ಕನ್ನಡದಲ್ಲಿ ಹೇಳಿದಳು. ತಾನು ಉತ್ತರ ಕೊಡುವಾಗ ಮಾತ್ರ ತಡವರಿಸಿದಳು. ಆಕೆ ಕೂಡಲೇ ಇಂಗ್ಲಿಷಿಗೆ ತಿರುಗಿದರು. ಮಗಳು ಬಿಡಲಿಲ್ಲ, ಫ್ರೆಂಚಿನಲ್ಲೇ ಮುಗಿಸಿದಳು. ನನಗೆ ಹೆಮ್ಮೆಯಾಯಿತು.

ಇದಕ್ಕೂ ಕಾರಣವಿದೆ. ಇದೇ ಸ್ವೇನ್ 1985ರಲ್ಲಿ ಇಮ್ಮರ್ಶನ್ ತರಗತಿಗಳನ್ನು ನೋಡಿ ಬರೆದದ್ದು ಇದನ್ನೇ: ಕೇಳಿಸಿಕೊಂಡರೆ ಸಾಲದು, ಮಕ್ಕಳಿಂದ ಮಾತಾಡಿಸಬೇಕು, ಬರೆಸಬೇಕು. ತರಗತಿಯಲ್ಲಿ ಫ್ರೆಂಚ್ ಮಾತಾಡುವ ದೊಡ್ಡವರು ಒಬ್ಬರೇ. ಆಟದ ಮೈದಾನದಲ್ಲಿ ಎಲ್ಲ ಮಕ್ಕಳದೂ ಇಂಗ್ಲಿಷು. ಹಾಗಾಗಿ ಹೊರಗಿನಿಂದ ಮಾತಿಗೆ ಅವಕಾಶ ಮಾಡಿಕೊಡಬೇಕು. ನಾವು ಬೇಸಿಗೆಯಲ್ಲಿ ಒಂದು ವಾರ ಫ್ರೆಂಚ್ ಕ್ಯಾಂಪಿಗೆ ಹಾಕುತ್ತೇವೆ. ಒಂಟಾರಿಯೊದ ಸರ್ಕಾರಿ ಫ್ರೆಂಚ್ ವಾಹಿನಿ ಟಿಎಫ್‌ಓದಲ್ಲಿ ಮಕ್ಕಳ ಕಾರ್ಯಕ್ರಮಗಳು ಚೆನ್ನಾಗಿವೆ. ಊರಿನ ಲೈಬ್ರರಿಯಲ್ಲೂ ಫ್ರೆಂಚ್ ಪುಸ್ತಕಗಳ ಸಾಲು ಇರುತ್ತದೆ. ಕ್ಯಾಂಪ್ ಒಂದನ್ನು ಬಿಟ್ಟರೆ ಉಳಿದದ್ದಕ್ಕೆ ಖರ್ಚಿಲ್ಲ.

ದೂರುಗಳೂ ಇವೆ. ನಮ್ಮ ಮನೆ ಪಕ್ಕದ ಶಾಲೆಯಲ್ಲಿ ಇಮ್ಮರ್ಶನ್ ಇಲ್ಲ. ದೂರದ ಶಾಲೆಗೆ ಬಸ್ ಕೊಡಲಿಲ್ಲ. ಹಿಮ ಬಿದ್ದ ಬೆಳಿಗ್ಗೆ ಮಗುವನ್ನು ಬಿಟ್ಟು ಆಫೀಸಿಗೆ ಓಡುವುದು ನಿತ್ಯದ ಗೋಳು. ಫ್ರೆಂಚ್ ಟೀಚರುಗಳ ಕೊರತೆ ಇಡೀ ಪ್ರಾಂತ್ಯದಲ್ಲಿದೆ. ಐದನೇ ತರಗತಿಯಲ್ಲಿ ಮದಾಮ್ ಹೆರಿಗೆ ರಜೆಗೆ ಹೋದಾಗ ಬಂದ ಬದಲಿ ಟೀಚರ್‌ಗೆ ಫ್ರೆಂಚ್ ಅಷ್ಟಕ್ಕಷ್ಟೇ. ಆ ವರ್ಷದ ಉಳಿದ ತಿಂಗಳು ಹಾಳೇ ಹೋಯಿತು. ಪ್ರಿನ್ಸಿಪಾಲರ ಹತ್ತಿರ ಪೋಷಕರೆಲ್ಲ ಸೇರಿ ಹೋಗಿ ಕೇಳಿದರೂ ಬೇರೆಯವರು ಸಿಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಮಗಳ ತರಗತಿಯಲ್ಲಿ ಓದಲು ಕಷ್ಟಪಡುತ್ತಿದ್ದ ಒಂದು ಮಗು ಇತ್ತು. ಸಹಾಯ ಬೇಕಿದ್ದರೆ ಇಂಗ್ಲಿಷ್ ತರಗತಿಗೆ ಹಾಕಿ ಅಂತ ಮನೆಯವರಿಗೆ ಹೇಳಿ ಕಳಿಸಿದರು. ಇದು ತಪ್ಪು. ಓದಿನ ತೊಂದರೆ ಇರುವ ಮಗುವಿಗೆ ಯಾವ ಭಾಷೆಯಲ್ಲಾದರೂ ಆ ತೊಂದರೆ ಇರುತ್ತದೆ. ಸಹಾಯವನ್ನು ಮಗು ಇರುವ ತರಗತಿಗೇ ತರಬೇಕು. ಅರ್ಜಿ ಹಾಕುವ ಮುಂಚೆ ಶಾಲೆಯ ಇನ್ಫರ್ಮೇಶನ್ ನೈಟ್‌ನಲ್ಲಿ ಇದನ್ನು ಎಲ್ಲರೆದುರಿಗೇ ಕೇಳಿ. ಇಮ್ಮರ್ಶನ್ ತರಗತಿಗೆ ಸ್ಪೆಷಲ್ ಎಜುಕೇಶನ್ ಟೀಚರ್ ಬರುತ್ತಾರಾ, ಫ್ರೆಂಚಿನಲ್ಲಿ ಸಹಾಯ ಮಾಡುತ್ತಾರಾ ಅಂತ. ಸಿಗುವ ಉತ್ತರದಿಂದಲೇ ಶಾಲೆ ಹೇಗಿದೆ ಅಂತ ಗೊತ್ತಾಗುತ್ತದೆ.

ಯಾರು ಹಾಕಬಾರದು? ಒಂದೆರಡು ವರ್ಷದಲ್ಲಿ ಬೇರೆ ಊರಿಗೋ ಭಾರತಕ್ಕೋ ಹೋಗುವ ಯೋಚನೆ ಇರುವವರು ಕಾಯುವುದು ಒಳ್ಳೆಯದು. ಬಸ್ಸೂ ಇಲ್ಲ, ಕಾರಿನಲ್ಲಿ ಬಿಡಲು ಜನವೂ ಇಲ್ಲ ಅಂದರೆ ಮನೆಯವರೆಲ್ಲ ಸುಸ್ತಾಗುತ್ತೀರಿ. ಫ್ರೆಂಚ್ ಬಂದರೆ ಸರ್ಕಾರಿ ಕೆಲಸ ಸಿಗುತ್ತದೆ ಅಂತ ಒಂದೇ ಆಸೆಗೆ ಹಾಕುವುದೂ ಬೇಡ. ಆ ಕೆಲಸಗಳಿಗೆ ಬೇರೆಯದೇ ಭಾಷಾ ಪರೀಕ್ಷೆ ಇದೆ. ಶಾಲೆಯ ಸರ್ಟಿಫಿಕೇಟ್ ತೋರಿಸಿದರೆ ಸಾಲುವುದಿಲ್ಲ.

ಹೈಸ್ಕೂಲಿನ ಲೆಕ್ಕ ಈಗ ನಮ್ಮ ಮುಂದಿದೆ. ಇಮ್ಮರ್ಶನ್ ಸರ್ಟಿಫಿಕೇಟ್ ಬೇಕಾದರೆ ಒಟ್ಟು ಹತ್ತು ಕ್ರೆಡಿಟ್ ಬೇಕು, ಅಂದರೆ ಹತ್ತು ಕೋರ್ಸ್ ಪಾಸಾಗಬೇಕು. ನಾಲ್ಕು ಫ್ರೆಂಚ್ ಭಾಷೆಯಲ್ಲಿ, ಆರು ಫ್ರೆಂಚಿನಲ್ಲಿ ಕಲಿಸುವ ಬೇರೆ ವಿಷಯಗಳಲ್ಲಿ. ಒಂಬತ್ತನೇ ತರಗತಿಯಲ್ಲಿ ಬಿಡುವ ಮಕ್ಕಳು ಬಹಳ. ಗಣಿತ, ವಿಜ್ಞಾನದಲ್ಲಿ ಅಂಕ ಕಡಿಮೆಯಾಗಬಹುದು ಅಂತ ಹೆದರುತ್ತಾರೆ. ನಮ್ಮ ಹತ್ತಿರದ ಹೈಸ್ಕೂಲಿನಲ್ಲಿ ಚರಿತ್ರೆ, ಭೂಗೋಳ ಫ್ರೆಂಚಿನಲ್ಲಿ ಸಿಗುತ್ತವೆ, ವಿಜ್ಞಾನ ಸಿಗುವುದಿಲ್ಲ. ಮಗಳು ಮುಂದುವರಿಸುತ್ತೇನೆ ಅನ್ನುತ್ತಾಳೆ. ಹನ್ನೆರಡನೇ ತರಗತಿಯಲ್ಲಿ ಡೆಲ್ಫ್ ಎಂಬ ಅಂತರರಾಷ್ಟ್ರೀಯ ಫ್ರೆಂಚ್ ಪರೀಕ್ಷೆಯ ಮೇಲಿನ ಹಂತವಾದ ಬಿ2 ಬರೆಯುವ ಆಸೆಯೂ ಇದೆ. ನಿಮ್ಮ ಮಕ್ಕಳಲ್ಲಿ ಯಾರಾದರೂ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ತೆಗೆದುಕೊಂಡು ಹತ್ತು ಕ್ರೆಡಿಟ್ ಪೂರ್ತಿ ಮಾಡಿದ್ದರೆ, ಆರು ವಿಷಯಗಳನ್ನು ಹೇಗೆ ಹೊಂದಿಸಿದಿರಿ ಅಂತ ತಿಳಿಸಿ.