ರೀಬೂಟ್ ಆದಮೇಲೂ ಸೌಂಡ್ ನೆನಪಿರುತ್ತದೆಯೇ? ಪೈಪ್‌ವೈರ್–ವೈರ್‌ಪ್ಲಂಬರ್ ಜೋಡಿಯ ವಿಮರ್ಶೆ

ರಾತ್ರಿ ಚೆನ್ನಾಗಿ ಹಾಡುತ್ತಿದ್ದ ಲಿನಕ್ಸ್ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿದರೆ ಮೂಕ. ಇಲ್ಲವೇ ಸ್ಪೀಕರ್ ಬಿಟ್ಟು ಮಾನಿಟರಿನ ಎಚ್‌ಡಿಎಂಐ ಕಡೆಗೆ ಸೌಂಡ್ ಹೋಗಿರುತ್ತದೆ. ಇಲ್ಲವೇ ವಾಲ್ಯೂಮ್ ತಾನಾಗಿ 40% ಮೇಲೆ ಬಂದು ಕೂತಿರುತ್ತದೆ. "ಲಿನಕ್ಸಿಗೆ ಸೌಂಡ್ ಸೆಟ್ಟಿಂಗ್ ನೆನಪಿರಲ್ಲ" ಅನ್ನೋ ದೂರು ಬಹಳ ಹಳೆಯದು, ಆದರೆ ದೂರು ತಿರುಗುಮುರುಗಾಗಿದೆ. ನೆನಪಿಟ್ಟುಕೊಳ್ಳುವವರು ಇಬ್ಬರಿದ್ದಾರೆ, ಆಲ್ಸಾಸಿಟಿಎಲ್ ಮತ್ತು ವೈರ್‌ಪ್ಲಂಬರ್; ಒಬ್ಬರ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರು ತೆರೆದು ನೋಡುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ.

ಲಿನಕ್ಸಿನಲ್ಲಿ ಸೌಂಡ್ ಸಾಗಿಸುವ ಪ್ರೋಗ್ರಾಮ್ ಪೈಪ್‌ವೈರ್‌ನ ಗುಣಗಾನ ಬೇಕಾದಷ್ಟು ಆಗಿದೆ. ಬ್ಲೂಟೂತ್, ಸ್ಕ್ರೀನ್ ರೆಕಾರ್ಡಿಂಗ್, ಸ್ಟುಡಿಯೋ ಕೆಲಸ ಇವನ್ನೆಲ್ಲ ಪಕ್ಕಕ್ಕಿಟ್ಟು ಇಲ್ಲಿ ನೋಡುತ್ತಿರುವುದು ಒಂದೇ ಪರೀಕ್ಷೆ: ಪವರ್ ಬಟನ್ ಒತ್ತಿ ಲಾಗಿನ್ ಆದ ಕೂಡಲೇ ನಿನ್ನೆ ಬಿಟ್ಟ ಜಾಗದಲ್ಲೇ, ಬಿಟ್ಟ ಮಟ್ಟದಲ್ಲೇ ಸೌಂಡ್ ಸಿಗುತ್ತದೆಯೇ? ಫೆಡೋರಾ 35ರಿಂದ (2021), ಉಬುಂಟು 22.10ರಿಂದ ಈ ಜೋಡಿ ಹಳೆಯ ಸೌಂಡ್ ಪ್ರೋಗ್ರಾಮ್ ಪಲ್ಸ್‌ಆಡಿಯೋದ ಜಾಗಕ್ಕೆ ಬಂದು ಕೂತಿದೆ. ಪೈಪ್‌ವೈರ್ 1.0 ಬಂದದ್ದು 2023ರ ನವೆಂಬರಿನಲ್ಲಿ, ವೈರ್‌ಪ್ಲಂಬರ್ 0.5 ಬಂದದ್ದು 2024ರ ಮಾರ್ಚಿನಲ್ಲಿ. ಪೈಪ್‌ವೈರ್ ಸೌಂಡನ್ನು ಸಾಗಿಸುವ ಕೊಳವೆ ಮಾತ್ರ. ಯಾವ ಕಾರ್ಡು, ಯಾವ ಪೋರ್ಟು, ಎಷ್ಟು ವಾಲ್ಯೂಮ್ ಎಂದು ತೀರ್ಮಾನಿಸುವುದು ವೈರ್‌ಪ್ಲಂಬರ್. ಹಾಗಾಗಿ ಅಂಕ ಕೊಡಬೇಕಾದದ್ದು ಹೆಚ್ಚಾಗಿ ಅದಕ್ಕೇ.

ಬೂಟ್ ಆಗುವಾಗ ನಡೆಯುವುದು ಇಷ್ಟು. ಕರ್ನಲ್ಲಿನ ಸೌಂಡ್ ವ್ಯವಸ್ಥೆಯಾದ ಆಲ್ಸಾದ ಡ್ರೈವರ್ ಕಾರ್ಡನ್ನು ಎಬ್ಬಿಸುತ್ತದೆ. ಆ ಗಳಿಗೆಯಲ್ಲಿ ಮಿಕ್ಸರಿನ ಚಾನೆಲ್‌ಗಳು ಬಹುಪಾಲು ಮ್ಯೂಟ್ ಆಗಿರುತ್ತವೆ. ಆಮೇಲೆ ಆಲ್ಸಾದ ಮಟ್ಟಗಳನ್ನು ಉಳಿಸಿಡುವ ಆಲ್ಸಾಸಿಟಿಎಲ್ ಬಂದು /ವಾರ್/ಲಿಬ್/ಆಲ್ಸಾ ಫೋಲ್ಡರಿನ ಎಸೌಂಡ್.ಸ್ಟೇಟ್ ಫೈಲಿನಿಂದ ಹಳೆಯ ಮಟ್ಟಗಳನ್ನು ವಾಪಸ್ ತುಂಬುತ್ತದೆ. ಇದು ಮೊದಲ ಪುಸ್ತಕ, ಇಡೀ ಕಂಪ್ಯೂಟರಿಗೆ ಒಂದೇ. ನೀವು ಲಾಗಿನ್ ಆದಮೇಲೆ ವೈರ್‌ಪ್ಲಂಬರ್ ಏಳುತ್ತದೆ, ಹೋಮ್ ಫೋಲ್ಡರಿನ .ಲೋಕಲ್/ಸ್ಟೇಟ್/ವೈರ್‌ಪ್ಲಂಬರ್ ಒಳಗಿನ ತನ್ನ ಪುಸ್ತಕವನ್ನು ತೆರೆಯುತ್ತದೆ, ಮಾಸ್ಟರ್, ಸ್ಪೀಕರ್, ಹೆಡ್‌ಫೋನ್ ಮಟ್ಟಗಳ ಮೇಲೆ ತನ್ನ ಲೆಕ್ಕವನ್ನು ಬರೆದುಬಿಡುತ್ತದೆ. ಕೊನೆಗೆ ಬರೆದವನದ್ದೇ ಮಾತು. ಹಾಗಾಗಿ ಆಲ್ಸಾಮಿಕ್ಸರಿನಲ್ಲಿ (ಟರ್ಮಿನಲ್ಲಿನಲ್ಲಿ ಕಾರ್ಡಿನ ಮಟ್ಟ ಬದಲಿಸುವ ಪ್ರೋಗ್ರಾಮ್) ಮಾಸ್ಟರ್ ಏರಿಸಿ ಎಷ್ಟು ಸಲ "ಸುಡೊ ಆಲ್ಸಾಸಿಟಿಎಲ್ ಸ್ಟೋರ್" ಕೊಟ್ಟರೂ ಲಾಗಿನ್ ಆದ ಕೂಡಲೇ ಅದು ಅಳಿಸಿಹೋಗಬಹುದು. ಆಟೋ-ಮ್ಯೂಟ್ ಮೋಡ್ (ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ಮುಚ್ಚುವುದು), ಲೂಪ್‌ಬ್ಯಾಕ್‌ನಂಥವನ್ನು ಮಾತ್ರ ವೈರ್‌ಪ್ಲಂಬರ್ ಮುಟ್ಟುವುದಿಲ್ಲ. ಅವು ಆಲ್ಸಾಸಿಟಿಎಲ್ ಪುಸ್ತಕದಲ್ಲೇ ಇರಬೇಕು. ಯಾವ ಗುಂಡಿ ಯಾರ ಪುಸ್ತಕದ್ದು ಅನ್ನುವುದು ಗೊತ್ತಿದ್ದರೆ ಅರ್ಧ ತಲೆನೋವು ಅಲ್ಲೇ ಕಡಿಮೆ.

ಈಗ ಒಳ್ಳೆಯ ಸುದ್ದಿ. ಡೀಫಾಲ್ಟ್ ಔಟ್‌ಪುಟ್ ನೆನಪಿಡುವುದರಲ್ಲಿ ವೈರ್‌ಪ್ಲಂಬರ್ ಭರವಸೆಗೆ ಅರ್ಹ. ಟರ್ಮಿನಲ್ಲಿನಲ್ಲಿ ವೈರ್‌ಪ್ಲಂಬರಿನ ಕಮಾಂಡ್ "ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್" ಎಂದು ಕೊಟ್ಟು ನೋಡಿ. ಸಿಂಕ್ಸ್ ಅನ್ನುವ ಶೀರ್ಷಿಕೆಯ ಕೆಳಗೆ ಔಟ್‌ಪುಟ್‌ಗಳ ಸಾಲು, ಪ್ರತಿ ಸಾಲಿನ ಶುರುವಿಗೆ ಒಂದು ನಂಬರು, ಸಾಲಿನ ಕೊನೆಗೆ ಚೌಕ ಕಂಸದಲ್ಲಿ ವಾಲ್ಯೂಮ್ 0.40 ಅಂತಲೋ 0.75 ಅಂತಲೋ. ಮ್ಯೂಟ್ ಆಗಿದ್ದರೆ ಅದೂ ಅಲ್ಲೇ ಬರೆದಿರುತ್ತದೆ. ನಕ್ಷತ್ರ ಚಿಹ್ನೆ ಇರುವ ಸಾಲು ಈಗಿನ ಡೀಫಾಲ್ಟ್. ಇನ್ನೂ ಕೆಳಗಿಳಿದರೆ ಸೆಟ್ಟಿಂಗ್ಸ್ ಭಾಗದಲ್ಲಿ ನೀವು ಆರಿಸಿದ ಡೀಫಾಲ್ಟಿನ ಪೂರ್ತಿ ಹೆಸರು ಬರುತ್ತದೆ. ನಕ್ಷತ್ರ ಒಂದರ ಮೇಲಿದ್ದು ಕೆಳಗಿನ ಹೆಸರು ಬೇರೆಯದಾಗಿದ್ದರೆ, ನೀವು ಆರಿಸಿದ ಸಾಧನ ಸದ್ಯಕ್ಕೆ ಇಲ್ಲ, ಬಂದಾಗ ಅದಕ್ಕೇ ಮರಳುತ್ತದೆ ಎಂದರ್ಥ. ಯುಎಸ್‌ಬಿ ಡ್ಯಾಕ್ (ಹೊರಗಿನಿಂದ ಚುಚ್ಚುವ ಸೌಂಡ್ ಸಾಧನ) ಬೂಟ್ ಆಗಿ ಹತ್ತು ಸೆಕೆಂಡ್ ತಡವಾಗಿ ಎದ್ದರೂ ಸೌಂಡ್ ತಾನಾಗಿ ಅದರ ಮೇಲೆ ಹೋಗುವುದು ಈ ಏರ್ಪಾಡಿನಿಂದಲೇ. ನೀವು ಹಿಂದೆ ಆರಿಸಿದ್ದ ಸಾಧನಗಳ ಸರದಿಯನ್ನೂ ಅದು ಇಟ್ಟುಕೊಂಡಿರುತ್ತದೆ. ಈ ವಿಷಯದಲ್ಲಿ ಪೂರ್ತಿ ಅಂಕ.

ಈ ಆಯ್ಕೆ ಒಂದೇ ಕಮಾಂಡಿನಲ್ಲಿ ಮುಗಿಯುತ್ತದೆ: "ಡಬ್ಲ್ಯೂಪಿಸಿಟಿಎಲ್ ಸೆಟ್-ಡೀಫಾಲ್ಟ್", ಆಮೇಲೆ ಸಾಲಿನ ಶುರುವಿನ ನಂಬರು. ಒಂದು ಸಲ ಸಾಕು. ಇದನ್ನು ಸ್ಟಾರ್ಟಪ್ ಸ್ಕ್ರಿಪ್ಟಿಗೆ ಹಾಕುವವರಿದ್ದಾರೆ, ಹಾಕಬೇಡಿ. ಆ ನಂಬರು ಸಾಧನದ ವಿಳಾಸವಲ್ಲ, ಆ ಹೊತ್ತಿಗೆ ಕೊಟ್ಟ ಟೋಕನ್. ಇವತ್ತು 47 ಸ್ಪೀಕರ್ ಆಗಿದ್ದರೆ ನಾಳೆ 47 ವೆಬ್‌ಕ್ಯಾಮ್ ಆಗಿರಬಹುದು. ಸ್ಕ್ರಿಪ್ಟ್ ಬೇಕೇಬೇಕೆಂದರೆ "ಪಿಎಸಿಟಿಎಲ್ ಸೆಟ್-ಡೀಫಾಲ್ಟ್-ಸಿಂಕ್" ಕಮಾಂಡಿಗೆ ಸಿಂಕಿನ ಉದ್ದನೆಯ ಹೆಸರನ್ನು ಕೊಡಿ, ಅದು ಬದಲಾಗುವುದಿಲ್ಲ.

ಇನ್ನು ಬೈಯಬೇಕಾದ ಕಡೆ. ಆ 40% ಎಲ್ಲಿಂದ ಬಂತು? ಯಾವ ಪೋರ್ಟಿನ ಲೆಕ್ಕ ಪುಸ್ತಕದಲ್ಲಿ ಇಲ್ಲವೋ ಅದಕ್ಕೆ ವೈರ್‌ಪ್ಲಂಬರ್ ಹಾಕುವ ಆರಂಭದ ಮಟ್ಟ ಅದು. ಹೊಸ ಯೂಸರ್ ಅಕೌಂಟ್, ಮೊದಲ ಸಲ ಚುಚ್ಚಿದ ಹೆಡ್‌ಫೋನ್, ಪುಸ್ತಕ ಅಳಿಸಿದ ಮೇಲಿನ ಮೊದಲ ಬೂಟ್, ಎಲ್ಲಕ್ಕೂ ಅದೇ. ಕಿವಿ ಉಳಿಸುವ ಉದ್ದೇಶ ಸರಿ, ಆದರೆ ಆ ಸೆಟ್ಟಿಂಗನ್ನು ಬರೆದ ರೀತಿ ನೋಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ಡಿವೈಸ್.ರೂಟ್ಸ್.ಡೀಫಾಲ್ಟ್-ಸಿಂಕ್-ವಾಲ್ಯೂಮ್ ಎಂಬ ಹೆಸರಿನ ಮುಂದೆ 0.064 ಎಂದಿರುತ್ತದೆ. ಸ್ಲೈಡರಿನ ಬೆಲೆಯನ್ನು ಮೂರು ಸಲ ಗುಣಿಸಿದ ಸಂಖ್ಯೆ ಇದು: 0.4 × 0.4 × 0.4. ನಿಮಗೆ 60% ಬೇಕೆಂದರೆ ಬರೆಯಬೇಕಾದದ್ದು 0.216. ಅಲ್ಲಿ 0.6 ಎಂದು ಹಾಕಿದವರಿಗೆ ಮುಂದಿನ ಬಾರಿ ಸುಮಾರು 84% ವಾಲ್ಯೂಮಿನ ಗುಡುಗು. ವೈರ್‌ಪ್ಲಂಬರ್ 0.5ರಿಂದ ಈಚೆಗೆ ಫೈಲ್ ಮುಟ್ಟದೆಯೂ ಇದನ್ನು ಬದಲಿಸಬಹುದು: "ಡಬ್ಲ್ಯೂಪಿಸಿಟಿಎಲ್ ಸೆಟ್ಟಿಂಗ್ಸ್ --ಸೇವ್", ಸೆಟ್ಟಿಂಗಿನ ಹೆಸರು, ಆಮೇಲೆ ಬೆಲೆ. ಈಗಾಗಲೇ ಪುಸ್ತಕದಲ್ಲಿರುವ ಪೋರ್ಟಿಗೆ ಇದು ತಾಗುವುದಿಲ್ಲ, ಅದನ್ನು ಸ್ಲೈಡರಿನಲ್ಲೇ ಸರಿಮಾಡಿ.

ಇನ್ನೊಂದು ದೊಡ್ಡ ತಕರಾರು ಅಪ್‌ಗ್ರೇಡಿನದು. ವೈರ್‌ಪ್ಲಂಬರ್ 0.4ರವರೆಗೆ ಕಾನ್ಫಿಗರೇಶನ್ ಲುವಾ ಭಾಷೆಯಲ್ಲಿತ್ತು. 0.5ರಲ್ಲಿ ಅದನ್ನು ಬಿಟ್ಟು ಜೇಸನ್ ಮಾದರಿಯ ಬರವಣಿಗೆಗೆ ಬಂದರು. ಹಳೆಯ ಲುವಾ ಫೈಲುಗಳನ್ನು ಈಗ ಓದುವುದೇ ಇಲ್ಲ. ಅಪ್‌ಗ್ರೇಡ್ ಆದ ಮರುದಿನ "ಎಲ್ಲ ಸೆಟ್ಟಿಂಗ್ ಹೋಯ್ತು" ಅಂದರೆ ಮೊದಲು ಇದನ್ನೇ ಸಂಶಯಿಸಿ. "ವೈರ್‌ಪ್ಲಂಬರ್ --ವರ್ಶನ್" ಕೊಟ್ಟರೆ ಗೊತ್ತಾಗುತ್ತದೆ. ಹೊಸ ಫೈಲು ಹೋಮ್ ಫೋಲ್ಡರಿನ .ಕಾನ್ಫಿಗ್/ವೈರ್‌ಪ್ಲಂಬರ್/ವೈರ್‌ಪ್ಲಂಬರ್.ಕಾನ್ಫ್.ಡಿ ಒಳಗಿರಬೇಕು, ಹೆಸರು .ಕಾನ್ಫ್ ಎಂದೇ ಮುಗಿಯಬೇಕು. ನೆಟ್ಟಿನಲ್ಲಿ ಸಿಗುವ ಹಳೆಯ ಸಲಹೆಗಳಲ್ಲಿ ಲುವಾ ತುಣುಕು ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಎಚ್‌ಡಿಎಂಐ ಕಡೆಗೆ ಸೌಂಡ್ ಓಡಿಹೋಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ, ಇವನ್ನು ಕಲಸಬಾರದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಅದರ ಎಚ್‌ಡಿಎಂಐ ಬೇರೆಯೇ ಸೌಂಡ್ ಕಾರ್ಡ್. ಅಲ್ಲಿ ಡೀಫಾಲ್ಟ್ ಬದಲಿಸಿದರೆ ಸಾಕು. ಬೇಡವೇ ಬೇಡವೆಂದರೆ ಪಾವುಕಂಟ್ರೋಲ್ ಎಂಬ ಸೌಂಡ್ ಹೊಂದಿಸುವ ಪ್ರೋಗ್ರಾಮ್ ತೆರೆದು ಕಾನ್ಫಿಗರೇಶನ್ ಟ್ಯಾಬಿನಲ್ಲಿ ಆ ಕಾರ್ಡಿನ ಪ್ರೊಫೈಲನ್ನು (ಕಾರ್ಡಿನ ಯಾವ ಪೋರ್ಟು ಕೆಲಸ ಮಾಡಬೇಕೆಂಬ ಆಯ್ಕೆ) ಆಫ್ ಮಾಡಿ. ಆದರೆ ಇಂಟೆಲ್ ಚಿಪ್ಪಿನ ಎಷ್ಟೋ ಕಂಪ್ಯೂಟರುಗಳಲ್ಲಿ ಸ್ಪೀಕರ್ ಮತ್ತು ಎಚ್‌ಡಿಎಂಐ ಒಂದೇ ಕಾರ್ಡಿನ ಎರಡು ಪ್ರೊಫೈಲು. ಒಂದು ಹೊತ್ತಿಗೆ ಒಂದೇ. ಅಂಥ ಕಡೆ ಸಿಂಕ್ ಪಟ್ಟಿಯಲ್ಲಿ ಸ್ಪೀಕರ್ ಕಾಣುವುದೇ ಇಲ್ಲ; ಸೆಟ್-ಡೀಫಾಲ್ಟ್ ಕೊಟ್ಟು ಕೊಟ್ಟು ಸುಸ್ತಾಗುವ ಬದಲು ಪ್ರೊಫೈಲನ್ನೇ ಅನಲಾಗ್ ಸ್ಟೀರಿಯೋ ಡ್ಯೂಪ್ಲೆಕ್ಸಿಗೆ ಬದಲಿಸಿ. ಈ ಆಯ್ಕೆ ಪುಸ್ತಕಕ್ಕೆ ಸೇರುತ್ತದೆ, ಮುಂದಿನ ಬೂಟಿನಲ್ಲಿ ನಿಲ್ಲುತ್ತದೆ. ಪಾವುಕಂಟ್ರೋಲ್ ಪಲ್ಸ್‌ಆಡಿಯೋ ಕಾಲದ ಹಳೆಯ ಪ್ರೋಗ್ರಾಮ್, ಆದರೂ ಈ ಒಂದು ಟ್ಯಾಬಿಗಾಗಿ ಅದನ್ನು ಇಟ್ಟುಕೊಳ್ಳಬೇಕು.

ಪೈಪ್‌ವೈರ್ ಬಳಸದೆ ನೇರ ಆಲ್ಸಾದಲ್ಲಿ ಕೆಲಸ ಮಾಡುವ ಪ್ರೋಗ್ರಾಮುಗಳಿಗೆ ಮಾತ್ರ ಕಾರ್ಡಿನ ಸರದಿ ಮುಖ್ಯ. /ಪ್ರಾಕ್/ಎಸೌಂಡ್/ಕಾರ್ಡ್ಸ್ ಫೈಲಿನಲ್ಲಿ 0 ಎಂದಿರುವುದೇ ಅವಕ್ಕೆ ಡೀಫಾಲ್ಟ್. ಯುಎಸ್‌ಬಿ ಸಾಧನ 0ಗೆ ಬಂದು ಕೂರುತ್ತಿದ್ದರೆ ಮಾಡ್‌ಪ್ರೋಬ್.ಡಿ ಫೋಲ್ಡರಿನ ಫೈಲಿನಲ್ಲಿ "ಆಪ್ಷನ್ಸ್ ಎಸ್‌ಎನ್‌ಡಿ_ಯುಎಸ್‌ಬಿ_ಆಡಿಯೋ ಇಂಡೆಕ್ಸ್=-2" ಎಂಬ ಒಂದು ಸಾಲು ಸಾಕು.

ಆಲ್ಸಾಸಿಟಿಎಲ್ ಬಗ್ಗೆ ನಮ್ಮ ಅಭಿಪ್ರಾಯ: ಹಳೆಯ ಗುಮಾಸ್ತ, ಕೆಲಸ ಅಚ್ಚುಕಟ್ಟು, ಆದರೆ ಬರೆಯುವುದು ಅಂಗಡಿ ಮುಚ್ಚುವಾಗ ಮಾತ್ರ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆದರೆ ಮಟ್ಟಗಳು ಉಳಿಯುತ್ತವೆ. ಕರೆಂಟ್ ಹೋಗಿ ಆಫ್ ಆದರೆ, ಪವರ್ ಬಟನ್ ಒತ್ತಿ ಹಿಡಿದರೆ, ಹಿಂದಿನ ಲೆಕ್ಕವೇ ಮರಳಿ ಬರುತ್ತದೆ. ಹಾಗಾಗಿ ಆಲ್ಸಾಮಿಕ್ಸರಿನಲ್ಲಿ ಏನಾದರೂ ಬದಲಿಸಿದ ಕೂಡಲೇ ಸ್ಟೋರ್ ಕಮಾಂಡನ್ನು ಕೈಯಾರೆ ಕೊಡುವುದು ಒಳ್ಳೆಯದು. ಆಲ್ಸಾಮಿಕ್ಸರ್ ತೆರೆದಾಗ ಮೊದಲು ಕಾಣುವುದು ಪೈಪ್‌ವೈರ್‌ನ ಒಂದೇ ಒಂದು ಪಟ್ಟಿ ಇರಬಹುದು. ಅದನ್ನು ನೋಡಿ ವಾಪಸ್ ಬರಬೇಡಿ. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿ. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ ಎಂದು ಕಂಬಗಳು ಸಾಲಾಗಿ ನಿಲ್ಲುತ್ತವೆ. ಕಂಬದ ಬುಡದಲ್ಲಿ ಎರಡು ಎಂ ಇದ್ದರೆ ಅದು ಮ್ಯೂಟ್; ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಎಂ ಒತ್ತಿದರೆ ಎರಡು ಸೊನ್ನೆಯಾಗಿ ಹಸಿರಾಗುತ್ತದೆ. ಕಂಬ ತುದಿಮುಟ್ಟ ತುಂಬಿದ್ದರೂ ಬುಡದಲ್ಲಿ ಎಂಎಂ ಇದ್ದರೆ ಸದ್ದಿಲ್ಲ, ಜನ ತಪ್ಪಿಸಿಕೊಳ್ಳುವುದು ಇಲ್ಲೇ. ಬಲಕ್ಕೆ ಸರಿಯುತ್ತ ಹೋದರೆ ಆಟೋ-ಮ್ಯೂಟ್ ಮೋಡ್ ಸಿಗುತ್ತದೆ. ಹೆಡ್‌ಫೋನ್ ಕಿತ್ತರೂ ಸ್ಪೀಕರ್ ಏಳದಿದ್ದರೆ, ಜಾಕ್ ಸೆನ್ಸರ್ ಸುಳ್ಳು ಹೇಳುತ್ತಿದ್ದರೆ, ಇದನ್ನು ಡಿಸೇಬಲ್ ಮಾಡಿ ಸ್ಟೋರ್ ಕೊಡಿ.

ಇಬ್ಬರ ಜಗಳ ಬಗೆಹರಿಯದ ಕೆಲವು ಕಾರ್ಡುಗಳಿವೆ: ವಾಲ್ಯೂಮ್ ಸ್ವಲ್ಪ ಇಳಿಸಿದರೆ ಪೂರ್ತಿ ಮಾಯ, ಇಲ್ಲವೇ ಒಂದು ಸ್ಪೀಕರ್ ಮಾತ್ರ ಏರಿಳಿಯುತ್ತದೆ. ಅಂಥವಕ್ಕೆ ವೈರ್‌ಪ್ಲಂಬರಿನಲ್ಲಿ ಎಪಿಐ.ಆಲ್ಸಾ.ಸಾಫ್ಟ್-ಮಿಕ್ಸರ್ ಅನ್ನುವ ಗುಣವನ್ನು ಆ ಕಾರ್ಡಿಗೆ ಟ್ರೂ ಮಾಡುವ ನಿಯಮ ಬರೆಯಿರಿ. ಆಗ ವೈರ್‌ಪ್ಲಂಬರ್ ಕಾರ್ಡಿನ ಮಿಕ್ಸರನ್ನು ಮುಟ್ಟುವುದನ್ನೇ ಬಿಟ್ಟು ವಾಲ್ಯೂಮನ್ನು ಸಾಫ್ಟ್‌ವೇರಿನಲ್ಲೇ ನೋಡಿಕೊಳ್ಳುತ್ತದೆ. ಆಲ್ಸಾಮಿಕ್ಸರಿನಲ್ಲಿ ಒಂದು ಸಲ ಇಟ್ಟ ಮಟ್ಟ ಬೂಟಿನಿಂದ ಬೂಟಿಗೆ ಹಾಗೇ ನಿಲ್ಲುತ್ತದೆ. ಇಡೀ ಪ್ಯಾಕೇಜಿನಲ್ಲಿ ಅತಿ ಉಪಯುಕ್ತವಾದ, ಅತಿ ಕಡಿಮೆ ಜನಕ್ಕೆ ಗೊತ್ತಿರುವ ಸೌಲಭ್ಯ ಇದು.

ಡಮ್ಮಿ ಔಟ್‌ಪುಟ್ ಎಂದು ಮಾತ್ರ ಕಂಡರೆ ತಪ್ಪು ವೈರ್‌ಪ್ಲಂಬರಿನದಲ್ಲ, ಅದಕ್ಕೆ ಕಾರ್ಡೇ ಸಿಕ್ಕಿಲ್ಲ. "ಏಪ್ಲೇ -ಎಲ್" ಕೊಟ್ಟು ನೋಡಿ. ಅಲ್ಲೂ ಖಾಲಿ ಇದ್ದು, ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್ ಆಗಿದ್ದರೆ ಎಸ್‌ಒಎಫ್ ಫರ್ಮ್‌ವೇರ್ (ಸೌಂಡ್ ಚಿಪ್ಪಿನೊಳಗೆ ಓಡುವ ಸಾಫ್ಟ್‌ವೇರ್) ಇಲ್ಲದಿರುವ ಸಾಧ್ಯತೆ ಹೆಚ್ಚು. ಡೆಬಿಯನ್ನಿನಲ್ಲಿ ಆ ಪ್ಯಾಕೇಜಿನ ಹೆಸರು ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್. ಡಿಎಸ್‌ಪಿ_ಡ್ರೈವರ್=1 ಎಂದು ಕೊಟ್ಟು ಹಳೆಯ ಡ್ರೈವರಿಗೆ ಹೋಗುವ ಸಲಹೆಯೂ ಓಡಾಡುತ್ತದೆ. ಸ್ಪೀಕರ್ ಬರಬಹುದು, ಆದರೆ ಒಳಗಿನ ಡಿಜಿಟಲ್ ಮೈಕ್ ಹೋಗುತ್ತದೆ. ಏಪ್ಲೇಯಲ್ಲಿ ಕಾರ್ಡ್ ಇದ್ದೂ ಡಮ್ಮಿ ಕಂಡರೆ ಯಾರೋ ಅದನ್ನು ಹಿಡಿದು ಕೂತಿದ್ದಾರೆ. "ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/*" ಅವರ ಹೆಸರು ಹೇಳುತ್ತದೆ. ತೆಗೆಯದೆ ಉಳಿದ ಪಲ್ಸ್‌ಆಡಿಯೋ ಹೀಗೆ ಸಿಕ್ಕಿಬೀಳುವುದುಂಟು.

ಸ್ಟಾರ್ಟಪ್ಪಿನಲ್ಲಿ ವಾಲ್ಯೂಮ್ ಕಮಾಂಡ್ ಓಡಿಸಲು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನ @ರೀಬೂಟ್ ಬಳಸಿದರೆ ಅದು ವಿಫಲವಾಗುವುದೇ ಹೆಚ್ಚು, ಏಕೆಂದರೆ ಆ ಹೊತ್ತಿಗೆ ಯೂಸರ್ ಸೆಶನ್ನೇ ಹುಟ್ಟಿರುವುದಿಲ್ಲ. ಸುಡೊ ಹಾಕಿದರಂತೂ ರೂಟ್‌ನ ಸೆಶನ್ನಿನಲ್ಲಿ ಪೈಪ್‌ವೈರನ್ನು ಹುಡುಕಿ ಬರಿಗೈಯಲ್ಲಿ ಬರುತ್ತದೆ. ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಮ್‌ಡಿಯ ಯೂಸರ್ ಸರ್ವಿಸ್ ಮಾಡಿ, ಆಫ್ಟರ್=ವೈರ್‌ಪ್ಲಂಬರ್.ಸರ್ವಿಸ್ ಎಂದು ಬರೆಯಿರಿ, ಕಮಾಂಡಿಗೆ ಮುಂಚೆ ಎರಡು ಸೆಕೆಂಡ್ ಸ್ಲೀಪ್ ಕೊಡಿ. ಸರ್ವಿಸ್ ಶುರುವಾಯಿತು ಎಂದರೆ ಕಾರ್ಡ್ ಸಿದ್ಧವಾಯಿತು ಎಂದಲ್ಲ, ಅದಕ್ಕೇ ಆ ಸ್ಲೀಪ್.

ಎಲ್ಲ ಸರಿ ಇದ್ದೂ ಮೊದಲ ಅರ್ಧ ಸೆಕೆಂಡ್ ಸೌಂಡ್ ನುಂಗಿದಂತಾದರೆ, ಟಪ್ ಎಂದು ಸದ್ದಾದರೆ, ಅದು ವಿದ್ಯುತ್ ಉಳಿತಾಯದ ಕೆಲಸ. ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಡ್ರೈವರಿಗೆ ಪವರ್_ಸೇವ್=0 ಕೊಡಿ. ವೈರ್‌ಪ್ಲಂಬರ್ ಕೂಡ 5 ಸೆಕೆಂಡ್ ಸುಮ್ಮನಿದ್ದ ಔಟ್‌ಪುಟ್ಟನ್ನು ಮಲಗಿಸುತ್ತದೆ, ಸೆಶನ್.ಸಸ್ಪೆಂಡ್-ಟೈಮ್‌ಔಟ್-ಸೆಕೆಂಡ್ಸ್ ಬೆಲೆಯನ್ನು 0 ಮಾಡಿದರೆ ಮಲಗುವುದಿಲ್ಲ.

ವೈರ್‌ಪ್ಲಂಬರಿನ ಪುಸ್ತಕವೇ ಕೆಟ್ಟಿದೆ ಅನ್ನಿಸಿದರೆ ಅಳಿಸಬಹುದು, ಆದರೆ ಅದು ಓಡುತ್ತಿರುವಾಗಲ್ಲ. ಓಡುತ್ತಿರುವಾಗ ಅಳಿಸಿದರೆ ನೆನಪಿನಲ್ಲಿರುವುದನ್ನೇ ಮತ್ತೆ ಬರೆದುಕೊಳ್ಳಬಹುದು. ಮೊದಲು "ಸಿಸ್ಟಮ್‌ಸಿಟಿಎಲ್ --ಯೂಸರ್ ಸ್ಟಾಪ್ ವೈರ್‌ಪ್ಲಂಬರ್", ಆಮೇಲೆ ಸ್ಟೇಟ್ ಫೋಲ್ಡರಿನ ಹೆಸರು ಬದಲಿಸಿ, ನಂತರ ಸ್ಟಾರ್ಟ್. ಡಿಲೀಟ್ ಮಾಡುವ ಬದಲು ಹೆಸರು ಬದಲಿಸಿದರೆ ಡೀಫಾಲ್ಟ್ ನೋಡ್, ಪ್ರೊಫೈಲ್, ರೂಟ್ ಎಂದು ಬೇರೆ ಬೇರೆ ಇರುವ ಫೈಲುಗಳಲ್ಲಿ ತೊಂದರೆ ಕೊಡದವನ್ನು ವಾಪಸ್ ತಂದುಕೊಳ್ಳಬಹುದು. ವಿಂಡೋಸ್ ಕೂಡ ಇರುವ ಕಂಪ್ಯೂಟರಿನಲ್ಲಿ ಅಲ್ಲಿಂದ ನೇರ ರೀಸ್ಟಾರ್ಟ್ ಆಗಿ ಬಂದಾಗ ಮಾತ್ರ ಸೌಂಡ್ ಇಲ್ಲವೆಂದರೆ ಇದಾವುದನ್ನೂ ಮುಟ್ಟಬೇಡಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ, ಪೂರ್ತಿ ಶಟ್‌ಡೌನ್ ಮಾಡಿ, ಆಮೇಲೆ ಲಿನಕ್ಸ್ ಆನ್ ಮಾಡಿ ನೋಡಿ.