ಭುಜದೊಳಗಿನ ಕರಗುವ ಆಂಕರ್: 4 ವರ್ಷದ ಮೇಲೆ ಬರೆಯುತ್ತಿರುವ ಅನುಭವ

ಸ್ನಾಯುವನ್ನು ಮೂಳೆಗೆ ಜೋಡಿಸುವ ರಜ್ಜು ಕಿತ್ತು ಬಂದಾಗ ಅದನ್ನು ಮತ್ತೆ ಮೂಳೆಗೆ ಹಿಡಿದಿಡುವ ಕರಗುವ ಆಂಕರನ್ನು ಬಲಭುಜದಲ್ಲಿ ಹಾಕಿಸಿಕೊಂಡು 4 ವರ್ಷವಾಯಿತು. ಆಪರೇಷನ್ ಆಗಿ ತಿಂಗಳಿಗೇ "ಎಲ್ಲ ಚೆನ್ನಾಗಿದೆ" ಎಂದು ಬರೆದವರ ಮಾತುಗಳನ್ನು ಆಗ ನಾನೂ ಬಹಳ ಓದಿದ್ದೆ. ಆದರೆ ಈ ವಸ್ತುವಿನ ಗುಣ ತಿಂಗಳಿಗೆ ತಿಳಿಯುವಂಥದ್ದಲ್ಲ. ಅದು ಕರಗಲು ಶುರುವಾದ ಮೇಲೆ ಏನಾಗುತ್ತದೆ ಅನ್ನುವುದೇ ಮುಖ್ಯ, ಅದಕ್ಕೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ತೋಳನ್ನು ಪಕ್ಕದಿಂದ ಮೇಲೆತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಸ್ನಾಯುವಿನ ರಜ್ಜು ನನಗೆ ಮೂಳೆಯಿಂದ ಕಿತ್ತು ಬಂದಿತ್ತು. ಅದನ್ನು ವಾಪಸ್ ಕೂರಿಸಲು ತೋಳಿನ ಮೂಳೆಯ ತಲೆಯಲ್ಲಿ ತೂತು ಮಾಡಿ, ಸ್ಕ್ರೂ ಥರದ ಆಂಕರ್ ತಿರುಗಿಸಿ, ಅದಕ್ಕೆ ಪೋಣಿಸಿದ ಗಟ್ಟಿ ದಾರದಿಂದ ರಜ್ಜುವನ್ನು ಎಳೆದು ಕಟ್ಟುತ್ತಾರೆ. ನನಗೆ ಹಾಕಿದ್ದು ಎರಡು. ಎರಡೂ ಒಂದೇ ಬಗೆಯವು: ಕರಗುವ ಪ್ಲಾಸ್ಟಿಕ್‌ಗೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಲವಣ ಬೆರೆಸಿದ್ದು. ಕರಗುವುದು ಆಂಕರ್ ಮಾತ್ರ, ನನಗೆ ಹಾಕಿದ ದಾರ ಹಾಗೇ ಉಳಿಯುತ್ತದೆ.

ಹಿಡಿತದ ವಿಷಯದಲ್ಲಿ ದೂರುವಂಥದ್ದು ಏನೂ ಇಲ್ಲ. 6 ವಾರ ಸ್ಲಿಂಗ್, ಆಮೇಲೆ ಫಿಸಿಯೋಥೆರಪಿ, 3 ತಿಂಗಳು ಕಳೆದ ಮೇಲೆ ನಿಧಾನಕ್ಕೆ ಭಾರ. ರಜ್ಜು ಮೂಳೆಗೆ ಅಂಟಿಕೊಳ್ಳುವ ತನಕ ಕದಲದೆ ಹಿಡಿದಿರುವುದೇ ಆಂಕರ್‌ನ ಕೆಲಸ. ಅದನ್ನು ಎರಡೂ ಮಾಡಿದವು. ಒಂಬತ್ತನೇ ತಿಂಗಳಿಗೆ ಒದ್ದೆ ಬಟ್ಟೆಯನ್ನು ತಲೆಗಿಂತ ಎತ್ತರದ ತಂತಿಗೆ ಎರಡೂ ಕೈಯಿಂದ ಹರವಿದೆ. ಆ ದಿನ ಇನ್ನೂ ನೆನಪಿದೆ.

ಹದಿನಾಲ್ಕನೇ ತಿಂಗಳಲ್ಲಿ ರಾತ್ರಿ ಹೊತ್ತು ಭುಜ ಸೆಳೆಯತೊಡಗಿತು. ಎಂ.ಆರ್.ಐ. ಮಾಡಿಸಿದೆವು. ವರದಿಯಲ್ಲಿ ರಜ್ಜು ಪೂರ್ತಿ ಇದೆ ಅಂತ ಇತ್ತು, ಅದರ ಕೆಳಗೇ "ಆಂಕರ್ ಸುತ್ತ ಮೂಳೆಯಲ್ಲಿ ಸಿಸ್ಟ್" (ದ್ರವ ತುಂಬಿದ ಟೊಳ್ಳು) ಎಂಬ ಇನ್ನೊಂದು ಸಾಲು. ನಾನು ಓದಿದ್ದು ಆ ಎರಡನೇ ಸಾಲನ್ನು ಮಾತ್ರ. ತೆರೆಯ ಮೇಲೆ ನೋಡಿದರೆ ಬೂದು ಬಣ್ಣದ ಮೂಳೆಯ ನಡುವೆ ಬೆಳ್ಳಗೆ ಹೊಳೆಯುವ ಒಂದು ದುಂಡು ಮಚ್ಚೆ, ಅದರೊಳಗೆ ಆಂಕರ್‌ನ ಸುತ್ತುಗಳು ಮಸುಕಾಗಿ ಕಾಣುತ್ತಿದ್ದವು. ಒಂದು ಬೆರಳಗಲ ಪಕ್ಕದಲ್ಲಿದ್ದ ಇನ್ನೊಂದು ಆಂಕರ್ ಸುತ್ತ ಏನೂ ಇಲ್ಲ. ಒಂದೇ ಭುಜ, ಒಂದೇ ದಿನ, ಒಂದೇ ವಸ್ತು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ.

ವೈದ್ಯರು ಕೂರಿಸಿಕೊಂಡು ವಿವರಿಸಿದ ಮೇಲೆ ಜೀವ ಬಂತು. ಈ ಪ್ಲಾಸ್ಟಿಕ್ ದೇಹದ ನೀರಿನಂಶಕ್ಕೆ ಸಿಕ್ಕಿ ತುಂಡು ತುಂಡಾಗಿ ಒಡೆಯುತ್ತದೆ. ಕೊನೆಗೆ ಲ್ಯಾಕ್ಟಿಕ್ ಆಮ್ಲವಾಗಿ, ಅದನ್ನು ದೇಹ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿ ಹೊರಹಾಕುತ್ತದೆ. ಆಮ್ಲ ಉಂಟಾಗುವ ವೇಗಕ್ಕೆ ಸಮನಾಗಿ ಅದನ್ನು ಸಾಗಿಸಲು ಆಗದಿದ್ದರೆ ಸುತ್ತಲಿನ ಮೂಳೆ ಸವೆದು ಟೊಳ್ಳಾಗಿ, ಅಲ್ಲಿ ದ್ರವ ತುಂಬಬಹುದು. ಆ ಹುಳಿಯನ್ನು ತಗ್ಗಿಸಲಿ, ಹೊಸ ಮೂಳೆ ಬೆಳೆಯಲು ಆಸರೆಯಾಗಲಿ ಎಂದೇ ಲವಣ ಬೆರೆಸುವುದು. ಆದರೆ ಕಾರಣ ಅದೊಂದೇ ಅಲ್ಲವಂತೆ. ದಾರದ ಎಳೆತಕ್ಕೆ ಆಂಕರ್ ಒಂದಿಷ್ಟು ಅಲುಗುವುದು, ಕೀಲಿನ ದ್ರವ ತೂತಿನೊಳಗೆ ಇಳಿಯುವುದು, ಇವೂ ಸೇರುತ್ತವೆ. ಹಾಗಾಗಿಯೇ ಪೀಕ್ ಎಂಬ ಕರಗದ ಪ್ಲಾಸ್ಟಿಕ್‌ನ ಆಂಕರ್ ಸುತ್ತಲೂ, ಬರೀ ದಾರದಿಂದ ಮಾಡಿದ ಆಂಕರ್ ಸುತ್ತಲೂ ಸಿಸ್ಟ್ ಕಂಡಿರುವುದುಂಟು.

ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ ಮಾಡಿಸಿದರು. ಎರಡೂ ಸರಿಯಿದ್ದವು. ಕೈ ಚಾಚಿಸಿ, ಮೇಲಿಂದ ಒತ್ತಿ ಬಲ ನೋಡಿದರು, ಬಲ ಕುಂದಿರಲಿಲ್ಲ. ಆ ಸೆಳೆತ ಭುಜದ ಹಿಂಭಾಗ ಬಿಗಿದುಕೊಂಡಿದ್ದರಿಂದ ಎಂದರು. ಎರಡು ತಿಂಗಳ ಸ್ಟ್ರೆಚಿಂಗ್‌ಗೆ ಅದು ಹೋಯಿತು, ಸಿಸ್ಟ್ ಅಲ್ಲೇ ಇತ್ತು. ಸಿಸ್ಟ್ ಕಂಡ ಬಹಳ ಮಂದಿಗೆ ಅದರಿಂದ ನೋವೇ ಇರುವುದಿಲ್ಲ ಅನ್ನುವ ಮಾತು ನನ್ನ ಮಟ್ಟಿಗೆ ನಿಜವಾಯಿತು. 3ನೇ ವರ್ಷದ ಎಂ.ಆರ್.ಐ.ನಲ್ಲಿ ಮಚ್ಚೆ ಕಿರಿದಾಗಿತ್ತು, ಪೂರ್ತಿ ಮುಚ್ಚಿರಲಿಲ್ಲ.

ಹಾಗಂತ ಅದನ್ನು ಲೆಕ್ಕಕ್ಕೇ ಇಲ್ಲದ್ದು ಅನ್ನಲಾರೆ. ನಾಳೆ ರಜ್ಜು ಮತ್ತೆ ಹರಿದರೆ ಹೊಸ ಆಂಕರ್ ಕಚ್ಚಿಕೊಳ್ಳಲು ಗಟ್ಟಿ ಮೂಳೆ ಬೇಕು. ಟೊಳ್ಳು ದೊಡ್ಡದಿದ್ದರೆ ಅಲ್ಲಿಗೆ ಮೂಳೆ ತುಂಬಬೇಕು, ಇಲ್ಲವೇ ಬೇರೆ ಜಾಗ ಹುಡುಕಬೇಕು. ಮೂಳೆ ಮೊದಲೇ ತೆಳುವಾಗಿರುವವರು ಇದನ್ನು ಆಪರೇಷನ್‌ಗೆ ಮುಂಚೆಯೇ ಮಾತಾಡಿಕೊಳ್ಳಬೇಕು.

ನನ್ನ ದೂರು ಇರುವುದು ಇಲ್ಲೇ. ಆಪರೇಷನ್‌ಗೆ ಮುಂಚೆ ನನಗೆ ಹೇಳಿದ್ದು ಒಂದೇ ಮಾತು: "ಅದು ಕರಗಿ ಹೋಗುತ್ತೆ, ಚಿಂತೆ ಬೇಡ." ಕರಗಿದ ಜಾಗವೆಲ್ಲ ತಾನಾಗಿ ಮೂಳೆಯಾಗುತ್ತದೆ ಎಂದುಕೊಂಡೆ. ಕರಗಲು ವರ್ಷಗಳೇ ಹಿಡಿಯಬಹುದು, ನಡುವೆ ಹೀಗೊಂದು ಮಚ್ಚೆ ಕಾಣಿಸಬಹುದು ಎಂದು ಎರಡು ನಿಮಿಷ ಹೇಳಿದ್ದರೆ ಆ ಎರಡು ರಾತ್ರಿ ನನಗೆ ನಿದ್ದೆ ಇರುತ್ತಿತ್ತು. ನಿಮಗೂ ಆಪರೇಷನ್ ಇದ್ದರೆ ಯಾವ ವಸ್ತುವಿನ ಆಂಕರ್, ಎಷ್ಟು, ಬೇರೆ ಆಯ್ಕೆ ಏನು ಅಂತ ಕೇಳಿ. ಲೋಹದ್ದಾದರೆ ಕರಗುವ ಗೊಡವೆ ಇಲ್ಲ, ಆದರೆ ಎಂ.ಆರ್.ಐ. ಚಿತ್ರ ಅದರ ಸುತ್ತ ಕದಡುತ್ತದೆ, ಸಡಿಲವಾದರೆ ಕೀಲನ್ನು ಗೀರುವ ಭಯವೂ ಇದೆ. ಆಂಕರ್ ಡಬ್ಬಿಯ ಸ್ಟಿಕ್ಕರನ್ನು ಫೈಲಿನಲ್ಲಿ ಅಂಟಿಸಿಟ್ಟುಕೊಳ್ಳಿ. ಎರಡು ಸಲವೂ ಸ್ಕ್ಯಾನ್ ಓದುವವರು ನನ್ನನ್ನು ಮೊದಲು ಕೇಳಿದ್ದು ಅದನ್ನೇ.

5ರಲ್ಲಿ ನಾಲ್ಕು ಕೊಡುತ್ತೇನೆ, ಆಂಕರ್‌ಗೆ. ಮುಂಚೆ ಸಿಕ್ಕ ಮಾಹಿತಿಗೆ ಎರಡು. ಹೊಸದಾಗಿ ನೋವು ಬಂದರೆ, ಇಲ್ಲವೇ ಕೈಯ ಬಲ ಕುಂದಿದರೆ ಮಾತ್ರ ಮುಂದಿನ ಎಂ.ಆರ್.ಐ. ಎಂದಿದ್ದಾರೆ. ಇಲ್ಲಿಯವರೆಗೆ ಎರಡೂ ಆಗಿಲ್ಲ.